ಕಾರಾಪುರದ ಸಾಬು

ಕೆಂಗೇರಿ ಉಪನಗರದ ನಮ್ಮ ಬೀದಿಯಲ್ಲಿ ಕೊಠಡಿಯೊಂದನ್ನು ಬಾಡಿಗೆಗೆ ಹಿಡಿದು ಓದುತ್ತಿರುವ ಹುಡುಗನೊಬ್ಬನು ಮೊನ್ನೆ ಸಂಜೆ ಬಾಡಿದ ಮುಖದಿಂದ ನನ್ನ ಮನೆಗೆ ಬಂದನು. ಹೆಗ್ಗಡದೇವನಕೋಟೆಯ ಕಡೆಯವನು. ಇಂಗ್ಲಿಷ್ ನಾಟಕವೊಂದರಲ್ಲಿ ಅವನು ಬಯಸಿದ್ದ ಪಾತ್ರವನ್ನು, ಅವನ ಉಚ್ಚಾರಣೆಯಲ್ಲಿ ಹಳ್ಳಿಯ ವಾಸನೆಯಿದೆಯೆಂಬ ಕಾರಣಕ್ಕೆ, ಇನ್ನೊಬ್ಬರಿಗೆ ಕೊಟ್ಟಿದ್ದರಂತೆ. ಇವನ ಪಾಲಿಗೆ ಉಳಿದದ್ದು ಬಾಗಿಲು ಕಾಯುವವನ ಪಾತ್ರ. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ನಾನೂ ಇಂಥ ಎಷ್ಟೋ ನಾಲಿಗೆಗಳನ್ನು ತಿದ್ದಿದವನೇ. ಅವನನ್ನು ಕೂರಿಸಿಕೊಂಡು, ಅವನ ತಾಲ್ಲೂಕಿನವನೇ ಆದ ನಟನೊಬ್ಬನ ಕಥೆಯನ್ನು ಹೇಳತೊಡಗಿದೆನು. ಆ ಹೆಸರನ್ನು ಅವನು ಕೇಳಿಯೇ ಇರಲಿಲ್ಲ.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಕಾಕನಕೋಟೆಯ ಕಾಡಿಗೆ ಹೊಂದಿಕೊಂಡ ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಹುಡುಗನಿಗೆ ಆನೆಯ ಬೆನ್ನೇ ತೊಟ್ಟಿಲು, ಆನೆಯ ಲಾಯವೇ ಶಾಲೆ. ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು ರಾಬರ್ಟ್ ಫ್ಲಾಹರ್ಟಿಯ ತಂಡವು ಮೈಸೂರಿಗೆ ಬಂದಾಗ, ಛಾಯಾಗ್ರಾಹಕ ಬೊರಡೇಲನ ಕಣ್ಣು ಈ ಬಡಹುಡುಗನ ಮೇಲೆ ಬಿದ್ದಿತು. ಇಂಗ್ಲಿಷಿನ ಗಂಧವಿಲ್ಲದ ಬಾಲಕನು ಆ ಭಾಷೆಯನ್ನು ಕಲಿತು, ಅಣ್ಣನೊಡನೆ ಕಡಲು ದಾಟಿ, ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಉಳಿದ ದೃಶ್ಯಗಳನ್ನು ಮುಗಿಸಿದನು. 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್' ವೆನಿಸ್ಸಿನ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯನ್ನು ಪಡೆಯಿತು. ಹದಿಮೂರರ ಮಾವುತನ ಮಗ ಜಗತ್ತಿಗೆಲ್ಲ ಪರಿಚಿತನಾದನು.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಆ ಚಿತ್ರದಲ್ಲಿ ಹಿರಿಯ ಮಾವುತ ಮಾಚುವಾ ಅಪ್ಪನಾಗಿ ಬಣ್ಣ ಹಚ್ಚಿದವನು ಅಲನ್ ಜೀಸ್ ಎಂಬ ಇಂಗ್ಲಿಷ್ ನಟ. 1942ರ 'ಜಂಗಲ್ ಬುಕ್'ನಲ್ಲಿ ಸಾಬು ಮೌಗ್ಲಿಯಾದಾಗ ಅವನ ತಾಯಿಯಾದವಳು ಅಮೆರಿಕದ ರೋಸ್‌ಮೇರಿ ಡಿಕ್ಯಾಂಪ್, ಹಳ್ಳಿಯ ಬೇಟೆಗಾರ ಮಾಲ್ಟಾದ ಜೋಸೆಫ್ ಕಲೀಯ, ಕಾಡಾದರೋ ಕ್ಯಾಲಿಫೋರ್ನಿಯದ್ದು. 1947ರ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಅವನೆದುರು ನಮ್ಮ ದೇಶದ ಹುಡುಗಿಯಾಗಿ ನಟಿಸಿದವಳು ಜೀನ್ ಸಿಮನ್ಸ್. ಹೀಗೆ ಪರರು ಭಾರತೀಯರಾಗುತ್ತಿದ್ದಾಗ, ಭಾರತೀಯನಾದ ಸಾಬು ಏನೇನಾದನು? 1938ರ 'ದಿ ಡ್ರಮ್'ನಲ್ಲಿ ವಾಯವ್ಯ ಗಡಿನಾಡಿನ ರಾಜಕುಮಾರ; 1940ರ 'ದಿ ಥೀಫ್ ಆಫ್ ಬಾಗ್ದಾದ್'ನಲ್ಲಿ ಕಳ್ಳ ಅಬು; ಮುಂದೆ ದಕ್ಷಿಣ ಸಮುದ್ರದ ದ್ವೀಪವಾಸಿ; 1947ರ 'ದಿ ಎಂಡ್ ಆಫ್ ದಿ ರಿವರ್'ನಲ್ಲಿ ಬ್ರೆಜಿಲಿನ ಕಾಡುಜನರ ಯುವಕ. ಕಾರಾಪುರದ ಒಂದೇ ನಾಲಿಗೆ ಇಷ್ಟೆಲ್ಲ ನಾಡುಗಳಿಗೂ ಸಾಕಾಯಿತು! ನೋಡುವವರಿಗೆ ಆ ನಾಡುಗಳ ನಡುವಣ ಭೇದ ಬೇಕಾಗಿರಲಿಲ್ಲ. ದೂರದವನಾಗಿ ಕಂಡರೆ ಸಾಕಾಗಿತ್ತು.

ಪರದೇಶದವನ ಪಾತ್ರ ವಹಿಸುವುದು ದೋಷವಲ್ಲ. ಪರಕಾಯ ಪ್ರವೇಶವಿಲ್ಲದೆ ನಟನೆಯೇ ಇಲ್ಲ. ಆದರೆ ಬಾಗಿಲು ಎರಡು ಕಡೆಗೂ ತೆರೆಯಬೇಕು. ಇಂಗ್ಲಿಷ್ ನಟನು ಮಾವುತನಾಗಬಹುದಾಗಿತ್ತು. ಮಾವುತನ ಮಗನಿಗೆ ಇಂಗ್ಲಿಷರವನ ಪಾತ್ರ ಕೊಡುವ ಯೋಚನೆ ಯಾರಿಗೂ ಬರಲಿಲ್ಲ.

ಚಿತ್ರರಂಗದ ಹೊರಗೆ ಅವನು ಬೇರೊಂದು ನಾಡಿನವನಾಗಿಯೇ ಬಾಳಿದನು. 1944ರಲ್ಲಿ ಅಮೆರಿಕದ ಪೌರನಾಗಿ, ಬಾಂಬರ್ ವಿಮಾನದ ಬಂದೂಕುಗಾರನಾಗಿ ಪೆಸಿಫಿಕ್ ಸಮರದಲ್ಲಿ ಹೋರಾಡಿ ಶೌರ್ಯಪದಕವನ್ನು ಗಳಿಸಿದನು. 1948ರಲ್ಲಿ ಮದುವೆಯಾಯಿತು; ಮಕ್ಕಳಿಬ್ಬರಾದರು. ಯುದ್ಧಾನಂತರ ಒಳ್ಳೆಯ ಪಾತ್ರಗಳು ವಿರಳವಾದವು. ಲೋಕವು ಆನೆಯ ಮೇಲಿನ ಬಾಲಕನನ್ನೇ ಬಯಸುತ್ತಿತ್ತು, ಬಾಲಕನಾದರೋ ಗಂಡಸಾಗಿಬಿಟ್ಟಿದ್ದನು. ಮೆಹಬೂಬ್ ಖಾನರ 'ಮದರ್ ಇಂಡಿಯಾ'ದ ಬಿರ್ಜು ಪಾತ್ರಕ್ಕೆ ಮೊದಲು ಅವನ ಹೆಸರು ಗೊತ್ತಾಗಿತ್ತು. ಅದು ಕೈಗೂಡಲಿಲ್ಲ, 1957ರಲ್ಲಿ ತೆರೆಯ ಮೇಲೆ ಬಂದವರು ಸುನಿಲ್ ದತ್. ಜಗತ್ತಿಗೆ ಭಾರತದ ಮುಖವಾಗಿದ್ದ ನಟನು ಭಾರತದ ಚಿತ್ರವೊಂದರಲ್ಲಿಯೂ ನಟಿಸಲಿಲ್ಲ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಕೇವಲ 39 ವರ್ಷ.

ಕಥೆ ಮುಗಿದ ಮೇಲೆ ಹುಡುಗನಿಗೆ ಆ ಮೊದಲ ಚಿತ್ರದ ಆರಂಭವನ್ನು ತೋರಿಸಿದೆನು. ಸಾಬು ನಮ್ಮನ್ನೇ ನೋಡುತ್ತ ಮಾತನಾಡುತ್ತಾನೆ. ಹೊಸದಾಗಿ ಕಲಿತ ಇಂಗ್ಲಿಷ್, ಒತ್ತುಗಳೆಲ್ಲ ಆಚೀಚೆ. ಆದರೂ ಅವನ ಕಣ್ಣುಗಳಲ್ಲಿ ಎಳ್ಳಷ್ಟೂ ಅಳುಕಿಲ್ಲ. ಅದನ್ನು ತಿದ್ದಬೇಕೆಂದು, ಮೇಷ್ಟ್ರಾದ ನನಗೂ ಅನ್ನಿಸಲಿಲ್ಲ. ಹುಡುಗನು ಇನ್ನೊಮ್ಮೆ ನೋಡಬೇಕೆಂದನು, ನೋಡಿದನು. ಹೊರಡುವಾಗ ತನ್ನ ಬಾಗಿಲು ಕಾಯುವವನಿಗೆ ಎಷ್ಟು ಮಾತುಗಳಿವೆಯೆಂದು ಬೆರಳು ಮಡಿಸಿ ಎಣಿಸುತ್ತಿದ್ದನು.