ತಂದೆಯ ಸಾಲ, ತಂಗಿಯಂದಿರ ಹೊಣೆ: ಜಾಬಿರ್ ಬಿನ್ ಅಬ್ದುಲ್ಲಾಹ್(ರ)

ಮದ್ರಸದಲ್ಲಿ ಓದಿದ ಯಾರಿಗೂ ಜಾಬಿರ್ ಬಿನ್ ಅಬ್ದುಲ್ಲಾಹ್(ರ) ಎಂಬ ಹೆಸರು ಹೊಸತಲ್ಲ. ಹದೀಸ್ ಕಿತಾಬ್ ತೆರೆದು ನಾಲ್ಕು ಪುಟ ಮಗುಚಿದರೆ ಆ ಹೆಸರು ಸಿಗ್ತದೆ. ಅವರಿಂದ ವರದಿಯಾದ ಹದೀಸ್‌ಗಳು 1,540 ಎಂದು ಉಲಮಾಗಳು ಲೆಕ್ಕ ಹೇಳಿದ್ದಾರೆ. ಆದರೆ ಇಪ್ಪತ್ತು ತುಂಬುವ ಮೊದಲೇ ತಂದೆಯನ್ನು ಕಳಕೊಂಡು, ತಂದೆಯ ಸಾಲವನ್ನೂ ಮನೆ ತುಂಬ ತಂಗಿಯಂದಿರನ್ನೂ ಹೆಗಲ ಮೇಲೆ ಹೊತ್ತ ಯುವಕ ಅವರು ಎಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತಿರಲಿಕ್ಕಿಲ್ಲ. ಮನೆಯ ಯಜಮಾನ ತೀರಿಹೋಗಿ, ಮಯ್ಯತ್ತಿನ ದುಃಖದ ಜೊತೆಗೆ ಸಾಲದ ಲೆಕ್ಕವೂ ಎದುರು ಬಂದು ನಿಂತ ಮನೆಗಳು ನಮ್ಮ ಜಮಾಅತ್‌ಗಳಲ್ಲಿ ಎಷ್ಟು ಉಂಟು! ಅಂಥ ಮನೆಯವರಿಗೆ ಜಾಬಿರ್(ರ) ಅವರ ಬದುಕಿಗಿಂತ ಹತ್ತಿರದ ಬದುಕು ಬೇರೆ ಇಲ್ಲ ಎಂದು ನಮಗೆ ತೋರುತ್ತದೆ.

ಉಹುದ್‌ನ ಹಿಂದಿನ ರಾತ್ರಿ

ಜಾಬಿರ್(ರ) ಮದೀನದ ಅನ್ಸಾರಿಗಳ ಪೈಕಿ ಖಝ್ರಜ್ ಗೋತ್ರದ ಬನೂ ಸಲಿಮ ಕುಟುಂಬದವರು. ತಂದೆ ಅಬ್ದುಲ್ಲಾಹ್ ಬಿನ್ ಅಮ್ರ್(ರ). ಹಿಜ್ರಾದ ಮೊದಲು ಅಖಬಾದಲ್ಲಿ ಪ್ರವಾದಿ(ಸ) ಅವರಿಗೆ ಮದೀನದವರು ಬೈಅತ್ ಮಾಡಿದಾಗ ಆರಿಸಲ್ಪಟ್ಟ 12 ಮಂದಿ ಮುಖಂಡರಲ್ಲಿ ಈ ತಂದೆಯೂ ಒಬ್ಬರು. ಮಗ ಜಾಬಿರ್ ಆಗ ಇನ್ನೂ ಹುಡುಗ. ಆದರೂ ತಂದೆಯ ಜೊತೆ ಆ ರಾತ್ರಿ ಅಲ್ಲಿದ್ದರು.

ಬದ್ರ್‌ಗೂ ಉಹುದ್‌ಗೂ ಹೋಗ್ಲಿಕ್ಕೆ ಜಾಬಿರ್(ರ) ಅವರಿಗೆ ಆಸೆ ಇತ್ತು. ತಂದೆ ಬಿಡಲಿಲ್ಲ. ಮನೆಯಲ್ಲಿ ಹೆಣ್ಣುಮಕ್ಕಳು. ಆರು ಮಂದಿ, ಏಳು ಮಂದಿ, ಒಂಬತ್ತು ಮಂದಿ ಎಂದು ಹದೀಸ್ ವರದಿಗಳಲ್ಲಿ ಬೇರೆಬೇರೆಯಾಗಿ ಬಂದಿದೆ. ಅವರನ್ನು ಗಂಡಸರಿಲ್ಲದ ಮನೆಯಲ್ಲಿ ಬಿಟ್ಟು ತಂದೆ, ಮಗ ಇಬ್ಬರೂ ಹೊರಡುವುದು ಸರಿಯಲ್ಲ ಎಂಬುದು ತಂದೆಯ ತೀರ್ಮಾನ.

ಹಿಜ್ರಾ 3, ಶವ್ವಾಲ್ ತಿಂಗಳು. ಉಹುದ್ ಯುದ್ಧದ ಹಿಂದಿನ ರಾತ್ರಿ ತಂದೆ ಮಗನನ್ನು ಹತ್ತಿರ ಕರೆದರು. ನಾಳೆ ಮೊದಲು ಶಹೀದ್ ಆಗುವವರಲ್ಲಿ ತಾನೂ ಇರಬಹುದು ಎಂದು ತನಗೆ ಅನಿಸುತ್ತಿದೆ ಎಂದರು. ಪ್ರವಾದಿ(ಸ) ಅವರನ್ನು ಬಿಟ್ಟರೆ ತನಗೆ ಅತ್ಯಂತ ಪ್ರಿಯನಾದವನು ನೀನೇ ಎಂದು ಮಗನಿಗೆ ತಿಳಿಸಿದರು. ಆಮೇಲೆ ಎರಡು ವಸಿಯ್ಯತ್ ಮಾಡಿದರು: ತನ್ನ ಮೇಲೆ ಸಾಲ ಉಂಟು, ಅದನ್ನು ತೀರಿಸಬೇಕು, ತಂಗಿಯಂದಿರನ್ನು ಚೆನ್ನಾಗಿ ನೋಡಿಕೊಳ್ಳಬೇಕು. ಸಾಲವನ್ನು ಅವರು ಮನೆಯವರಿಂದ ಮುಚ್ಚಿಡಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಯಜಮಾನನಿಗೆ ಎಷ್ಟು ಸಾಲ ಇತ್ತು ಎಂದು ಹೆಂಡತಿ ಮಕ್ಕಳಿಗೆ ತಿಳಿಯುವುದು ದಫನ್ ಆದ ಮೇಲೆ, ಕೊಟ್ಟವರು ಬಾಗಿಲಿಗೆ ಬಂದಾಗಲೇ.

ಮರುದಿನ ತಂದೆ ಅನಿಸಿದಂತೆಯೇ ಶಹೀದ್ ಆದರು.

ಅಳುವುದಕ್ಕೆ ತಡೆ ಇರಲಿಲ್ಲ

ಶತ್ರುಗಳು ಶಹೀದರ ದೇಹಗಳನ್ನು ವಿರೂಪಗೊಳಿಸಿದ್ದರು. ಬಟ್ಟೆ ಹೊದಿಸಿದ್ದ ತಂದೆಯ ಮುಖದಿಂದ ಜಾಬಿರ್(ರ) ಬಟ್ಟೆ ಸರಿಸಿ ನೋಡಿ ಅತ್ತರು. ಜನರು ಅವರನ್ನು ತಡೆದರು. ಪ್ರವಾದಿ(ಸ) ತಡೆಯಲಿಲ್ಲ. ಸೋದರತ್ತೆ ಫಾತಿಮಾ ಕೂಡ ಅಳುತ್ತಿದ್ದರು. ಅಬ್ದುಲ್ಲಾಹ್ ಅವರ ದೇಹವನ್ನು ಎತ್ತುವ ತನಕವೂ ಮಲಕ್‌ಗಳು ತಮ್ಮ ರೆಕ್ಕೆಗಳಿಂದ ನೆರಳು ಕೊಡುತ್ತಿದ್ದರು ಎಂದು ಪ್ರವಾದಿ(ಸ) ಸಮಾಧಾನ ಹೇಳಿದರು.

ತಂದೆಯನ್ನು ಅವರ ಗೆಳೆಯ, ಸಂಬಂಧಿಕ ಅಮ್ರ್ ಬಿನುಲ್ ಜಮೂಹ್(ರ) ಅವರ ಜೊತೆ ಒಂದೇ ಕಬರ್‌ನಲ್ಲಿ ದಫನ್ ಮಾಡಲಾಯಿತು. ಜಾಬಿರ್(ರ) ಅವರ ಮನಸ್ಸಿಗೆ ಅದು ಒಗ್ಗಲಿಲ್ಲ. ಆರು ತಿಂಗಳ ಮೇಲೆ ತಂದೆಯನ್ನು ಹೊರತೆಗೆದು ಪ್ರತ್ಯೇಕ ಕಬರ್‌ನಲ್ಲಿ ಇಟ್ಟರು. ಕಿವಿಯ ಹತ್ತಿರ ಸ್ವಲ್ಪ ವ್ಯತ್ಯಾಸ ಬಿಟ್ಟರೆ ದೇಹ ಇಟ್ಟ ಹಾಗೆಯೇ ಇತ್ತು ಎಂದು ಅವರು ವಿವರಿಸಿದ್ದಾರೆ. ಆರು ತಿಂಗಳಾದರೂ ಮಗನ ಮನಸ್ಸು ತಂದೆಯ ಕಬರ್‌ನ ಸುತ್ತಲೇ ಇತ್ತು ಅಂತ ಇದರಿಂದ ಗೊತ್ತಾಗ್ತದೆ. ದೊಡ್ಡ ಸಹಾಬಿಗಳಿಗೆ ದುಃಖ ಇರಲಿಲ್ಲ ಎಂದು ಭಾವಿಸುವುದು ತಪ್ಪು.

ಒಮ್ಮೆ ಪ್ರವಾದಿ(ಸ) ಅವರು ಜಾಬಿರ್(ರ) ಅವರ ಬಾಡಿದ ಮುಖ ನೋಡಿ ಕಾರಣ ಕೇಳಿದರು. ತಂದೆ ಶಹೀದ್ ಆದರು, ಕುಟುಂಬ ಮತ್ತು ಸಾಲವನ್ನು ಬಿಟ್ಟುಹೋಗಿದ್ದಾರೆ ಎಂದು ಇವರು ಉತ್ತರಿಸಿದರು. ತಂದೆಯ ಜೊತೆ ಅಲ್ಲಾಹನು ಮರೆಯಿಲ್ಲದೆ ಮಾತನಾಡಿದ ಸುದ್ದಿಯನ್ನು ಪ್ರವಾದಿ(ಸ) ಆಗ ತಿಳಿಸಿದರು. ಮನಸ್ಸಿನ ಭಾರ ಇಳಿಯಿತು. ಸಾಲ ಮಾತ್ರ ಹಾಗೆಯೇ ಇತ್ತು.

ಮೂವತ್ತು ವಸ್ಖ್ ಖರ್ಜೂರ

ಸಾಲ ಮದೀನದ ಒಬ್ಬ ಯಹೂದಿಗೆ ಸೇರಬೇಕಾದದ್ದು, 30 ವಸ್ಖ್ ಖರ್ಜೂರ. ಒಂದು ವಸ್ಖ್ ಅಂದರೆ 60 ಸಾಅ್. ಫಿತ್ರ್ ಝಕಾತಿಗೆ ನಾವು ತಲೆಗೊಂದರಂತೆ ಅಳೆದು ಕೊಡ್ತೇವಲ್ಲ, ಅದೇ ಸಾಅ್. ಒಟ್ಟು 1,800 ಸಾಅ್ ಆಯಿತು. ಜಾಬಿರ್(ರ) ಅವರ ಕೈಯಲ್ಲಿದ್ದದ್ದು ತಂದೆಯ ಖರ್ಜೂರದ ತೋಟ ಮಾತ್ರ. ಅದರ ಫಸಲು ವರ್ಷಗಟ್ಟಲೆ ಕೊಟ್ಟರೂ ಸಾಲ ಮುಗಿಯದು ಎಂಬುದು ಅವರ ಲೆಕ್ಕ.

ಕೊಯ್ಲಿನ ಸಮಯ ಬಂತು. ಸ್ವಲ್ಪ ಸಮಯ ಕೊಡಿ ಎಂದು ಕೇಳಿದರು, ಆತ ಒಪ್ಪಲಿಲ್ಲ. ಜಾಬಿರ್(ರ) ಪ್ರವಾದಿ(ಸ) ಅವರ ಹತ್ತಿರ ಬಂದು ಶಿಫಾರಸು ಕೇಳಿದರು. ಪ್ರವಾದಿ(ಸ) ಸ್ವತಃ ಹೋಗಿ, ಸಾಲದ ಬದಲಿಗೆ ಈ ವರ್ಷದ ತೋಟದ ಫಸಲನ್ನು ತೆಗೆದುಕೊಳ್ಳಲು ವಿನಂತಿಸಿದರು. ಆತ ಅದಕ್ಕೂ ಒಪ್ಪಲಿಲ್ಲ. ಆಗ ಮದೀನದಲ್ಲಿ ಪ್ರವಾದಿ(ಸ) ಅವರ ಮಾತೇ ನಡೆಯುತ್ತಿತ್ತು. ಆದರೂ ಸಾಲ ಕೊಟ್ಟವನ ಮೇಲೆ ಒತ್ತಡ ಹೇರಲಿಲ್ಲ. ಕೊಟ್ಟವನು ಯಾವ ಧರ್ಮದವನಾದರೂ ಅವನ ಹಕ್ಕು ಹಕ್ಕೇ. ಶಹೀದರ ಸಾಲ ಎಂದು ಕೂಡ ಅದು ಮನ್ನಾ ಆಗಲಿಲ್ಲ.

ಪ್ರವಾದಿ(ಸ) ತೋಟಕ್ಕೆ ಹೋಗಿ ಮರಗಳ ನಡುವೆ ನಡೆದಾಡಿದರು. ಆಮೇಲೆ, ಕೊಯ್ದು ಆತನ ಪಾಲು ಪೂರ್ತಿ ಅಳೆದು ಕೊಡುವಂತೆ ಜಾಬಿರ್ ಅವರಿಗೆ ಹೇಳಿದರು. ಅಳೆದರು. 30 ವಸ್ಖ್ ಪೂರ್ತಿ ಸಂದಾಯ ಆಯಿತು. ಮತ್ತೂ 17 ವಸ್ಖ್ ಉಳಿಯಿತು! ಸುದ್ದಿ ತಿಳಿಸ್ಲಿಕ್ಕೆ ಓಡಿ ಬಂದಾಗ ಪ್ರವಾದಿ(ಸ) ಅಸರ್ ನಮಾಝಿನಲ್ಲಿದ್ದರು. ನಮಾಝ್ ಮುಗಿದ ಮೇಲೆ ಕೇಳಿ, ಉಮರ್(ರ) ಅವರಿಗೂ ತಿಳಿಸುವಂತೆ ಕಳಿಸಿದರು. ಪ್ರವಾದಿ(ಸ) ತೋಟದೊಳಗೆ ನಡೆದಾಗಲೇ ಬರ್ಕತ್ ಬರುತ್ತದೆಂದು ತನಗೆ ಗೊತ್ತಿತ್ತು ಎಂದರು ಉಮರ್(ರ). ಒಂದೊಂದು ವರದಿಯಲ್ಲಿ ವಿವರ ಸ್ವಲ್ಪ ಬೇರೆ ಉಂಟು. ಸಾಲ ಪೂರ್ತಿ ತೀರಿ ಖರ್ಜೂರ ಉಳಿಯಿತು ಎಂಬುದರಲ್ಲಿ ವ್ಯತ್ಯಾಸ ಇಲ್ಲ.

ಬರ್ಕತ್ತಿನ ಕಥೆಯೆಂದು ಇದನ್ನು ನಾವು ಮೌಲಿದ್ ಸಭೆಗಳಲ್ಲಿ ಕೇಳಿ ಸಂತೋಷ ಪಡ್ತೇವೆ. ಆದರೆ ಜಾಬಿರ್(ರ) ತಾವು ಮಾಡಬೇಕಾದದ್ದನ್ನೆಲ್ಲ ಮೊದಲು ಮಾಡಿದ್ದರು ಎಂಬುದನ್ನೂ ನೋಡಬೇಕು. ಸಾಲವನ್ನು ಒಪ್ಪಿಕೊಂಡರು. ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳದೆ ಹೋಗಿ ಮಾತನಾಡಿದರು. ದೊಡ್ಡವರ ಸಹಾಯ ಕೇಳ್ಲಿಕ್ಕೆ ನಾಚಲಿಲ್ಲ. ಇದ್ದ ಫಸಲನ್ನೆಲ್ಲ ತಂದು ಎದುರಿಗಿಟ್ಟರು.

ಮದುವೆಯಲ್ಲೂ ತಂಗಿಯಂದಿರ ಲೆಕ್ಕ

ಜಾಬಿರ್(ರ) ಮದುವೆಯಾದದ್ದು ಮೊದಲೇ ಒಮ್ಮೆ ಮದುವೆಯಾಗಿದ್ದ ಮಹಿಳೆಯನ್ನು. ಕನ್ಯೆಯನ್ನು ಯಾಕೆ ಮದುವೆಯಾಗಲಿಲ್ಲ ಎಂದು ಪ್ರವಾದಿ(ಸ) ವಿಚಾರಿಸಿದರು. ಮನೆಯಲ್ಲಿ ಚಿಕ್ಕ ತಂಗಿಯಂದಿರು ಇದ್ದಾರೆ, ಅವರಂಥದ್ದೇ ಇನ್ನೊಬ್ಬ ಹುಡುಗಿಯನ್ನು ತರುವ ಬದಲು ಅವರ ತಲೆ ಬಾಚಿ, ಬೇಕುಬೇಡ ನೋಡಿಕೊಳ್ಳುವ ಹೆಂಗಸು ಬೇಕಿತ್ತು ಎಂದರು ಜಾಬಿರ್(ರ). ಪ್ರವಾದಿ(ಸ) ಅದನ್ನು ಮೆಚ್ಚಿದರು. ಮತ್ತೊಮ್ಮೆ ಕಾಯಿಲೆ ಬಿದ್ದಾಗಲೂ ಇವರ ಚಿಂತೆ ಸಹೋದರಿಯರದ್ದೇ. ತನ್ನ ಸೊತ್ತು ಅವರಿಗೆ ಎಷ್ಟು ಸೇರಬೇಕು ಎಂದು ಪ್ರವಾದಿ(ಸ) ಅವರಲ್ಲಿ ಕೇಳಿದರು. ಸೂರತುನ್ನಿಸಾಅ್‌ನ ಕೊನೆಯ ಆಯತ್ ತನ್ನ ವಿಷಯದಲ್ಲೇ ಇಳಿದದ್ದು ಎಂದು ಅವರು ಹೇಳುತ್ತಿದ್ದರು.

ಒಂದು ಯಾತ್ರೆಯಿಂದ ಮರಳುವಾಗ ಇವರ ಒಂಟೆ ಸೋತು ಹಿಂದುಳಿಯಿತು. ಪ್ರವಾದಿ(ಸ) ಅದನ್ನು ಓಡಿಸಿದರು, ಆಮೇಲೆ ಬೆಲೆ ಮಾತಾಡಿ ಕೊಂಡರು. ಮದೀನ ತಲುಪಿದ ಮೇಲೆ ಬಿಲಾಲ್(ರ) ಅವರಿಂದ ಬೆಲೆಯನ್ನೂ ಅದರ ಮೇಲೆ ಒಂದು ಖೀರಾತ್ ಹೆಚ್ಚನ್ನೂ ತೂಗಿಸಿ ಕೊಡಿಸಿದರು, ಒಂಟೆಯನ್ನೂ ವಾಪಸು ಕೊಟ್ಟರು. ಹೊಸತಾಗಿ ಮದುವೆಯಾದ, ಸಂಸಾರದ ಭಾರ ಹೊತ್ತ ಯುವಕನ ಮರ್ಯಾದೆಗೆ ಕುಂದು ಬಾರದ ಹಾಗೆ ಮಾಡಿದ ಸಹಾಯ ಅದು. ಆ ಹೆಚ್ಚಿನ ಖೀರಾತನ್ನು ಜಾಬಿರ್(ರ) ಖರ್ಚು ಮಾಡಲಿಲ್ಲ. ಹಿಜ್ರಾ 63ರಲ್ಲಿ, ಹರ್ರಾ ದಿನ, ಶಾಮಿನ ಸೈನ್ಯ ದೋಚುವ ತನಕ, 50 ವರ್ಷಕ್ಕೂ ಹೆಚ್ಚು ಕಾಲ ಅದು ಅವರ ಚೀಲದಲ್ಲೇ ಇತ್ತು.

ಸಾಲ ತೀರಿದ ಮೇಲೆ

ಸಾಲ ತೀರಿ, 17 ವಸ್ಖ್ ಉಳಿಯಿತಲ್ಲ, ಇನ್ನು ಆರಾಮ ಅಂತ ನಾವಾದರೆ ಎಣಿಸ್ತಿದ್ದೆವು. ಉಹುದ್ ಆಗಿ ಎರಡು ವರ್ಷಕ್ಕೆ, ಹಿಜ್ರಾ 5ರಲ್ಲಿ ಖಂದಕ್ ಅಗೆಯುವಾಗ ಅವರ ಮನೆಯಲ್ಲಿ ಇದ್ದದ್ದು ಒಂದು ಸಾಅ್ ಬಾರ್ಲಿ, ಒಂದು ಆಡಿನ ಮರಿ. ಪ್ರವಾದಿ(ಸ) ಅವರ ಹಸಿವನ್ನು ಕಂಡು ತಡೆಯಲಾಗದೆ ಮನೆಗೆ ಬಂದು, ಹೆಂಡತಿಯ ಜೊತೆ ಸೇರಿ ಅದನ್ನೇ ಅಡುಗೆ ಮಾಡಿಸಿದರು. ನಾಲ್ಕಾರು ಮಂದಿಗೆ ಸಾಕಾಗುವ ಅಡುಗೆ ಸಾವಿರ ಮಂದಿಗೆ ಬಡಿಸಿದ ಕಥೆ ಎಲ್ಲರಿಗೂ ಗೊತ್ತು. ಇದ್ದದ್ದನ್ನು ನಾಳೆಗೆಂದು ಮುಚ್ಚಿಡದೆ ಒಲೆಗೆ ಏರಿಸಿದ ಆ ಮನೆಯ ಹೆಂಗಸನ್ನು ಮಾತ್ರ ನಾವು ನೆನಪಿಡುವುದು ಕಡಿಮೆ.

ಅವರ ಮನೆಯ ವಿಷಯ ಹದೀಸ್‌ಗಳಲ್ಲಿ ಅಲ್ಲಲ್ಲಿ ಬಂದಿದೆ. ಮದುವೆಯ ಸಮಯದಲ್ಲಿ ನಿಮ್ಮಲ್ಲಿ ಚೆಂದದ ಹಾಸುಗಳಿವೆಯೇ ಎಂದು ಪ್ರವಾದಿ(ಸ) ಕೇಳಿದಾಗ ನಮಗೆ ಎಲ್ಲಿಂದ ಎಂದರು. ಮುಂದೆ ನಿಮಗೂ ಬರುತ್ತದೆ ಎಂದು ಪ್ರವಾದಿ(ಸ) ತಿಳಿಸಿದರು. ಕಾಲ ಬದಲಾಗಿ ಮನೆಗೆ ಹಾಸು ಬಂದಾಗ ಅದನ್ನು ತೆಗೆದುಬಿಡು ಎಂದು ಜಾಬಿರ್(ರ) ಹೆಂಡತಿಗೆ ಹೇಳುತ್ತಿದ್ದರು. ಪ್ರವಾದಿ(ಸ) ಅವರೇ ಹೇಳಿದ್ದಲ್ಲವಾ ಎಂದು ಅವರು ನೆನಪಿಸಿದರೆ ಸುಮ್ಮನಾಗುತ್ತಿದ್ದರು. ಒಂದು ದಿನ ಪ್ರವಾದಿ(ಸ) ಕೈ ಹಿಡಿದು ಮನೆಗೆ ಕರೆದೊಯ್ದು ರೊಟ್ಟಿ ಕೊಟ್ಟರು. ಕೂಡಿ ತಿನ್ನಲು ಸಿರ್ಕಾ ಬಿಟ್ಟು ಬೇರೇನೂ ಇರಲಿಲ್ಲ. ಪ್ರವಾದಿ(ಸ) ಅದನ್ನೇ ಹೊಗಳಿ ತಿಂದರು. ಅಂದಿನಿಂದ ತನಗೂ ಸಿರ್ಕಾ ಇಷ್ಟವಾಯಿತು ಎನ್ನುತ್ತಿದ್ದರು ಜಾಬಿರ್(ರ).

ಉಮರ್(ರ) ಅವರ ಕಾಲದಲ್ಲಿ ಒಮ್ಮೆ ಆಸೆಯಾಗಿ ಒಂದು ದಿರ್ಹಂ ಮಾಂಸ ಕೊಂಡು ಹೊತ್ತು ತರುತ್ತಿದ್ದರು. ಎದುರು ಸಿಕ್ಕಿದ ಖಲೀಫರು, ನೆರೆಯವರನ್ನೂ ಕುಟುಂಬದವರನ್ನೂ ಮರೆತು ತನ್ನ ಹೊಟ್ಟೆ ಮಾತ್ರ ನೋಡುವುದಾ ಎಂಬ ಅರ್ಥದಲ್ಲಿ ಎಚ್ಚರಿಸಿದರು. ಒಂದು ದಿರ್ಹಮಿನ ಮಾಂಸಕ್ಕೆ ಇಷ್ಟು ಲೆಕ್ಕ ಇದ್ದ ಕಾಲ ಅದು!

ಹಣ ಬಂದದ್ದೂ ಉಂಟು. ಬಹ್ರೈನಿನ ಹಣ ಬಂದಾಗ ಕೊಡುತ್ತೇನೆಂದು ಪ್ರವಾದಿ(ಸ) ಮಾತು ಕೊಟ್ಟಿದ್ದರು. ಅದು ಬರುವ ಮೊದಲೇ ಅವರು ವಫಾತಾದರು. ಪ್ರವಾದಿ(ಸ) ಅವರಿಂದ ಯಾರಿಗಾದರೂ ಸಾಲ ಬಾಕಿ ಇದ್ದರೆ, ಮಾತು ಕೊಟ್ಟದ್ದಿದ್ದರೆ ಬನ್ನಿ ಎಂದು ಅಬೂಬಕರ್(ರ) ಸಾರಿಸಿದರು. ಜಾಬಿರ್(ರ) ಹೋಗಿ ವಿಷಯ ತಿಳಿಸಿದರು. ಖಲೀಫರು ಒಂದು ಬೊಗಸೆ ತೆಗೆದುಕೊಳ್ಳಲು ಹೇಳಿದರು, ಎಣಿಸಿದರೆ 500. ಅಷ್ಟೇ ಇನ್ನೆರಡು ಪಾಲು ಕೊಟ್ಟು 1,500 ಮಾಡಿದರು. ಕೊಟ್ಟ ಮಾತು ಕೂಡ ಅವರಿಗೆ ಸಾಲವೇ.

ಒಂದು ಹದೀಸ್‌ಗಾಗಿ ಒಂದು ತಿಂಗಳು

ಸಾಲದ ಬಗ್ಗೆ ನಾವು ಆಗಾಗ ಕೇಳುವ ಒಂದು ಹದೀಸ್ ಇವರಿಂದಲೂ ವರದಿಯಾಗಿದೆ. ಎರಡು ದೀನಾರ್ ಸಾಲ ಇದ್ದ ಮಯ್ಯತ್ತಿಗೆ ಪ್ರವಾದಿ(ಸ) ನಮಾಝ್ ಮಾಡದೆ ನಿಂತರು. ಅಬೂ ಖತಾದ(ರ) ಆ ಸಾಲವನ್ನು ವಹಿಸಿಕೊಂಡ ಮೇಲೆಯೇ ನಮಾಝ್ ಮಾಡಿದರು. ಮರುದಿನ ಮರೆಯದೆ ವಿಚಾರಿಸಿದರು. ತೀರಿಸಿದೆ ಎಂದು ಕೇಳಿದ ಮೇಲೆ, ಈಗ ಆ ಮಯ್ಯತ್ತಿಗೆ ತಂಪಾಯಿತು ಎಂಬ ಅರ್ಥದ ಮಾತು ಹೇಳಿದರು. ತಂದೆಯ ಸಾಲ ತೀರಿಸಿದ ಮಗನ ಬಾಯಲ್ಲಿ ಈ ಹದೀಸ್ ಹೇಗೆ ಬಂದಿರಬೇಡ!

ಶಾಮಿನಲ್ಲಿದ್ದ ಅಬ್ದುಲ್ಲಾಹ್ ಬಿನ್ ಉನೈಸ್(ರ) ಅವರ ಬಳಿ ತಾನು ಕೇಳದ ಒಂದು ಹದೀಸ್ ಉಂಟು ಎಂದು ಗೊತ್ತಾದಾಗ, ಜಾಬಿರ್(ರ) ಒಂಟೆ ಖರೀದಿಸಿ ಒಂದು ತಿಂಗಳು ಪ್ರಯಾಣ ಮಾಡಿದರು. ಅದೂ ಬಾಕಿಯ ವಿಷಯವೇ. ಇನ್ನೊಬ್ಬರ ಹಕ್ಕು ತನ್ನ ಮೇಲೆ ಉಳಿಸಿಕೊಂಡವನು ಖಿಯಾಮತ್ ದಿನ ಅದನ್ನು ತೀರಿಸದೆ ಸ್ವರ್ಗಕ್ಕೆ ಹೋಗಲಾರ. ಅಲ್ಲಿ ಹಣ ಇರುವುದಿಲ್ಲ, ಒಳಿತು ಕೆಡುಕುಗಳಿಂದಲೇ ಸಂದಾಯ.

ನಮ್ಮಲ್ಲಿ ಜನಾಝ ನಮಾಝಿಗೆ ಮೊದಲು ಮನೆಯವರೊಬ್ಬರು ಮುಂದೆ ಬಂದು, ಮಯ್ಯತ್ತಿನಿಂದ ಯಾರಿಗಾದರೂ ಬಾಕಿ ಇದ್ದರೆ ತಮ್ಮನ್ನು ಕಾಣಿ ಎಂದು ಹೇಳುವ ಕ್ರಮ ಉಂಟು. ಒಳ್ಳೆಯ ಕ್ರಮ. ಆದರೆ ಹೇಳಿದ ಮೇಲೆ ತೀರಿಸಬೇಕಲ್ಲ? ಬಿಟ್ಟುಹೋದ ಸೊತ್ತಿನಿಂದ ಕಫನ್ ದಫನಿನ ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯ್ಯತ್, ಕೊನೆಗೆ ಪಾಲು. ಇದು ಶರೀಅತ್ತಿನ ಕ್ರಮ. ಸಾಲ ಹಾಗೆಯೇ ಇಟ್ಟು ನಲ್ವತ್ತಕ್ಕೆ ದೊಡ್ಡ ಊಟ ಹಾಕುವುದರಿಂದ, ತೀರಿಸಿದ ಮರುವರ್ಷವೇ ಮದುವೆಗೆಂದು ಪುನಃ ಸಾಲಕ್ಕೆ ಕೈಚಾಚುವುದರಿಂದ ಮನೆ ಉದ್ಧಾರ ಆಗುವುದಿಲ್ಲ. ಸರಳವಾದ ಊಟ, ಇದ್ದದ್ದರಲ್ಲಿ ಬಟ್ಟೆ, ತಂಗಿಯಂದಿರ ಹೊಣೆ: ಜಾಬಿರ್(ರ) ಅವರ ಮನೆ ನಡೆದದ್ದು ಹೀಗೆ.

ವೃದ್ಧಾಪ್ಯ

ಕೊನೆಗಾಲದಲ್ಲಿ ಜಾಬಿರ್(ರ) ಅವರ ದೃಷ್ಟಿ ಹೋಯಿತು. ಮಸ್ಜಿದುನ್ನಬವಿಯಲ್ಲಿ ಅವರ ದರ್ಸ್‌ಗೆ ಜನ ಸೇರುತ್ತಿದ್ದರು. ಹುಸೈನ್(ರ) ಅವರ ಮೊಮ್ಮಗ ಮುಹಮ್ಮದ್ ಬಾಖಿರ್, ಎಳೆಯ ಪ್ರಾಯದಲ್ಲಿ, ಹಜ್ಜತುಲ್ ವದಾಅ್ ಬಗ್ಗೆ ಕೇಳ್ಲಿಕ್ಕೆ ಬಂದರು. ಕಣ್ಣು ಕಾಣದ ಮುದುಕರು ಒಬ್ಬೊಬ್ಬರನ್ನೂ ಯಾರೆಂದು ವಿಚಾರಿಸಿದರು. ಇವರ ಹೆಸರು ಕೇಳಿದ ಮೇಲೆ ತಲೆ ಮುಟ್ಟಿ, ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲೆ ಕೈಯಿಟ್ಟು ಸ್ವಾಗತಿಸಿದರು. ನಮಾಝಿನ ಹೊತ್ತಾಯಿತು. ಹೊದ್ದ ಬಟ್ಟೆ ಎಷ್ಟು ಚಿಕ್ಕದೆಂದರೆ ಹೆಗಲಿಗೆ ಹಾಕಿದರೆ ಅಂಚು ಜಾರಿ ಬರುತ್ತಿತ್ತು. ದೊಡ್ಡ ಮೇಲುವಸ್ತ್ರ ಪಕ್ಕದ ಗೂಟದಲ್ಲೇ ನೇತಾಡುತ್ತಿತ್ತು. ಅದನ್ನು ಮುಟ್ಟದೆ ಇಮಾಮತ್ ನಿಂತರು. ಪ್ರವಾದಿ(ಸ) ಅವರ ಕಾಲದಲ್ಲಿ ನಮ್ಮಲ್ಲಿ ಯಾರಿಗೆ ಎರಡು ಬಟ್ಟೆ ಇತ್ತು ಎಂದು ಮತ್ತೊಮ್ಮೆ ಇಂಥದೇ ಸಂದರ್ಭದಲ್ಲಿ ಅವರು ಕೇಳಿದ್ದುಂಟು. ಆ ದಿನ ಅವರು ವಿವರಿಸಿದ ಹಜ್ಜಿನ ಹದೀಸ್ ಸ್ವಹೀಹ್ ಮುಸ್ಲಿಂನಲ್ಲಿ ಉಂಟು. ಹಜ್ಜಿನ ಮಸ್ಅಲಗಳಿಗೆ ಇಂದಿಗೂ ಅದು ದೊಡ್ಡ ಆಧಾರ.

ಹಿಜ್ರಾ 78, ಅಂದರೆ ಕ್ರಿ.ಶ. 697ರ ಸುಮಾರಿಗೆ ಮದೀನದಲ್ಲಿ ಅವರು ವಫಾತಾದರು. ಪ್ರಾಯ 94 ಎಂಬುದು ಪ್ರಸಿದ್ಧ ಅಭಿಪ್ರಾಯ. ಅಖಬಾದಲ್ಲಿ ಹಾಜರಿದ್ದವರ ಪೈಕಿ ಕೊನೆಯವರಾಗಿ ತೀರಿದವರು ಇವರೇ ಎನ್ನುತ್ತಾರೆ. ಉಹುದ್‌ನ ಹಿಂದಿನ ರಾತ್ರಿ ತಂದೆ ಒಪ್ಪಿಸಿದ ಎರಡು ಕೆಲಸಗಳನ್ನೂ ಮುಗಿಸಿ, ಅದರ ಮೇಲೆ ಒಂದು ಜೀವಮಾನ ದೀನ್ ಕಲಿಸಿ ಹೋದರು. ಅಲ್ಲಾಹನು ಅವರ ದರಜ ಹೆಚ್ಚಿಸಲಿ. ನಮ್ಮ ಮೇಲೂ ನಮ್ಮ ಮರಣ ಹೊಂದಿದವರ ಮೇಲೂ ಇರುವ ಸಾಲಗಳನ್ನು ತೀರಿಸುವ ತೌಫೀಕ್ ನೀಡಲಿ. ಆಮೀನ್.