ಕವಿಯ ಕೈಗೆ ಕುಂಚ

ರವೀಂದ್ರನಾಥ ಠಾಕೂರರ ಹೆಸರನ್ನು ಕೇಳದ ಭಾರತೀಯರು ವಿರಳ. ‘ಗೀತಾಂಜಲಿ’ಯ ಕವಿಯೆಂದೂ 1913ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದ ಮೊದಲ ಭಾರತೀಯರೆಂದೂ ನಮ್ಮ ರಾಷ್ಟ್ರಗೀತೆಯ ಕರ್ತೃವೆಂದೂ ಶಾಂತಿನಿಕೇತನದ ಗುರುದೇವರೆಂದೂ ಅವರನ್ನು ನಾವು ಬಲ್ಲೆವು. ಆದರೆ ಅದೇ ರವೀಂದ್ರರು ಅರವತ್ತರ ಗಡಿಯನ್ನು ದಾಟಿದ ಬಳಿಕ ಕುಂಚವನ್ನು ಕೈಗೆತ್ತಿಕೊಂಡರು. ಮುಂದಿನ ಹದಿನೈದು ಹದಿನಾರು ವರ್ಷಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕ ಚಿತ್ರಗಳನ್ನು ರಚಿಸಿದರು. ಇದು ಅಷ್ಟಾಗಿ ಎಲ್ಲರಿಗೂ ತಿಳಿದ ಸಂಗತಿಯಲ್ಲ. ಕಲಿಕೆಯೆಂಬುದು ಎಳೆತನಕ್ಕೆ ಮಾತ್ರ ಮೀಸಲು, ಮುಪ್ಪಿನ ಪಾಲಿಗೆ ಉಳಿಯುವುದು ನೆನಪು ಮತ್ತು ವಿಶ್ರಾಂತಿ ಎಂದು ನಂಬಿದವರು ಅವರ ಬಾಳಿನ ಈ ಅಧ್ಯಾಯವನ್ನು ಅವಶ್ಯವಾಗಿ ಅರಿಯಬೇಕು.

ರವೀಂದ್ರರು 1861ರ ಮೇ 7ರಂದು ಕಲ್ಕತ್ತೆಯ ಜೊರಾಸಾಂಕೊ ಬಡಾವಣೆಯ ಠಾಕೂರ್ ಮನೆತನದಲ್ಲಿ ಜನಿಸಿದರು. ತಂದೆ ಮಹರ್ಷಿ ದೇವೇಂದ್ರನಾಥರು. ಬದುಕುಳಿದ ಮಕ್ಕಳಲ್ಲಿ ರವೀಂದ್ರರೇ ಕಿರಿಯರು. ಆ ವಿಶಾಲವಾದ ಮನೆಯೇ ಒಂದು ವಿದ್ಯಾಲಯದಂತಿತ್ತು. ಹಿರಿಯಣ್ಣ ದ್ವಿಜೇಂದ್ರನಾಥರು ತತ್ತ್ವಜ್ಞಾನಿಗಳು. ಬಿಡುವಿನ ವೇಳೆಯಲ್ಲಿ ಕಾಗದವನ್ನು ಮಡಿಸಿ ಬಗೆಬಗೆಯ ಪೆಟ್ಟಿಗೆಗಳನ್ನು ಮಾಡುತ್ತ, ಆ ಮಡಿಕೆಗಳ ಗಣಿತವನ್ನು ಕುರಿತು ಬರೆಯುತ್ತ ಕಾಲ ಕಳೆಯುವುದು ಅವರಿಗೆ ಪ್ರಿಯವಾಗಿತ್ತು. ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರು ನಾಟಕ ಬರೆದರು, ರಾಗ ಹಾಕಿದರು, ಮನೆಗೆ ಬಂದವರ ಮುಖಗಳನ್ನು ಪೆನ್ಸಿಲಿನಲ್ಲಿ ಮೂಡಿಸಿದರು. ಊಟ ನಿದ್ರೆಗಳಂತೆ ಹಾಡು, ನಾಟಕ, ಚಿತ್ರಗಳೂ ಅಲ್ಲಿಯ ದಿನಚರಿಯ ಅಂಗಗಳಾಗಿದ್ದವು. ಬಾಲಕ ರವೀಂದ್ರರಿಗೂ ಮನೆಯಲ್ಲಿ ಚಿತ್ರಕಲೆಯ ಪಾಠವಾಗಿತ್ತು. ಆದರೆ ಅವರ ಮನಸ್ಸು ಒಲಿದದ್ದು ಕಾವ್ಯಕ್ಕೆ.

ಮತ್ತೊಬ್ಬ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಹುದ್ದೆಗೇರಿದ ಮೊದಲ ಭಾರತೀಯರು. ಅವರು ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣ ರವೀಂದ್ರರು ಅಲ್ಲಿಗೆ ಬಂದು ಕೆಲಕಾಲ ತಂಗಿದ್ದರು. ಕಾಳೀ ನದಿ ಕಡಲನ್ನು ಕೂಡುವ ಆ ರಮಣೀಯ ಸ್ಥಳ, ಬೆಳುದಿಂಗಳಿನಲ್ಲಿ ಕೈಗೊಂಡ ದೋಣಿಯ ಪಯಣ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತವು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಅವರು ಬರೆದದ್ದು ಅಲ್ಲಿಯೇ. ಇಂದಿಗೂ ಕಾರವಾರದ ಕಡಲ ತೀರ ಅವರ ಹೆಸರನ್ನು ಹೊತ್ತಿದೆ. ಅದೇ ವರ್ಷದ ಕೊನೆಯಲ್ಲಿ ಮೃಣಾಲಿನೀ ದೇವಿಯವರೊಡನೆ ಅವರ ವಿವಾಹವಾಯಿತು.

ಚಿತ್ರಕಲೆಯ ಆಸೆ ರವೀಂದ್ರರನ್ನು ಪೂರ್ಣವಾಗಿ ಬಿಟ್ಟು ಹೋಗಿರಲಿಲ್ಲ. ನಲವತ್ತರ ಹೊಸ್ತಿಲಲ್ಲಿ ನಿಂತು ಅವರು ಒಮ್ಮೆ ಅದನ್ನು ಪರೀಕ್ಷಿಸಿ ನೋಡಿದರು. 1900ರಲ್ಲಿ ಗೆಳೆಯರಾದ ವಿಜ್ಞಾನಿ ಜಗದೀಶಚಂದ್ರ ಬೋಸರಿಗೆ ಬರೆದ ಪತ್ರದಲ್ಲಿ, ತಮ್ಮ ಕೈಯಲ್ಲಿ ಪೆನ್ಸಿಲಿಗಿಂತ ರಬ್ಬರಿಗೇ ಹೆಚ್ಚು ಕೆಲಸ ಬೀಳುತ್ತಿದೆಯೆಂದು ವಿನೋದವಾಗಿ ಹೇಳಿಕೊಂಡರು. ಆ ಪ್ರಯತ್ನ ಅಲ್ಲಿಗೇ ನಿಂತಿತು.

ಅನಂತರದ ವರ್ಷಗಳು ಕಠೋರವಾಗಿದ್ದವು. 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆಯನ್ನು ತೆರೆದರು. ಮರುವರ್ಷವೇ ಪತ್ನಿ ತೀರಿಕೊಂಡರು. 1903ರಲ್ಲಿ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಕಿರಿಯ ಮಗ ಶಮೀಂದ್ರ, 1918ರಲ್ಲಿ ಹಿರಿಯ ಮಗಳು ಮಾಧುರೀಲತಾ ಒಬ್ಬರ ಹಿಂದೆ ಒಬ್ಬರಾಗಿ ಅಗಲಿದರು. ಐವರು ಮಕ್ಕಳಲ್ಲಿ ಉಳಿದವರು ರಥೀಂದ್ರನಾಥ ಮತ್ತು ಮೀರಾ ಇಬ್ಬರೇ. ಈ ನಡುವೆ ಜಗತ್ತಿನ ಕೀರ್ತಿ ಬಂದಿತು, ಬಿರುದು ಬಂದಿತು, ಜಲಿಯನ್‌ವಾಲಾಬಾಗಿನ ಹತ್ಯಾಕಾಂಡವನ್ನು ಪ್ರತಿಭಟಿಸಿ 1919ರಲ್ಲಿ ಆ ಬಿರುದನ್ನು ಅವರು ಹಿಂದಿರುಗಿಸಿದರು. ವಿಶ್ವಭಾರತಿಯ ಭಾರವೂ ಹೆಗಲೇರಿತು. ಹೊರಗೆ ಸನ್ಮಾನ, ಒಳಗೆ ಶೂನ್ಯ. ಇಂಥ ಸ್ಥಿತಿಯಲ್ಲಿ ಅನೇಕರು ಕುಗ್ಗಿಹೋಗುತ್ತಾರೆ. ರವೀಂದ್ರರಾದರೋ ಮತ್ತೊಂದು ಬಾಗಿಲನ್ನು ತೆರೆದರು.

ಆ ಬಾಗಿಲು ತೆರೆದುಕೊಂಡ ಬಗೆ ಸ್ವಾರಸ್ಯವಾಗಿದೆ. ಕವಿತೆ ಬರೆಯುವಾಗ ಅವರು ಬೇಡದ ಪದಗಳನ್ನು ಹೊಡೆದುಹಾಕುತ್ತಿದ್ದರು. ಹಾಳೆಯ ಮೇಲೆ ಅಲ್ಲೊಂದು ಇಲ್ಲೊಂದು ಚದುರಿ ಬಿದ್ದ ಆ ಕಾಟುಗಳು ಅವರ ಕಣ್ಣಿಗೆ ಅನಾಥವಾಗಿ ತೋರಿದವು. ಅವುಗಳನ್ನು ಗೆರೆಗಳಿಂದ ಒಂದಕ್ಕೊಂದು ಬೆಸೆಯತೊಡಗಿದರು. ಬೆಸೆದಂತೆ ಕೊಕ್ಕುಳ್ಳ ಹಕ್ಕಿ, ಬಾಯ್ದೆರೆದ ಮೃಗ, ಬಳ್ಳಿ, ಮುಖವಾಡ ತಾವಾಗಿ ರೂಪುಗೊಂಡವು. 1924ರಲ್ಲಿ ಅವರು ಪೆರು ದೇಶಕ್ಕೆ ಹೊರಟು, ದಾರಿಯಲ್ಲಿ ಅಸ್ವಸ್ಥರಾಗಿ, ಆರ್ಜೆಂಟೀನದ ಸಾನ್ ಇಸಿದ್ರೊ ಎಂಬಲ್ಲಿ ಸುಮಾರು ಎರಡು ತಿಂಗಳು ಉಳಿಯಬೇಕಾಯಿತು. ಲೇಖಕಿ ವಿಕ್ಟೋರಿಯಾ ಒಕಾಂಪೊ ಅವರಿಗೆ ಆತಿಥ್ಯ ನೀಡಿದರು. ಆಗ ಬರೆಯುತ್ತಿದ್ದ ‘ಪೂರಬಿ’ ಕವನಗಳ ಹಸ್ತಪ್ರತಿಯ ಪುಟಪುಟಗಳಲ್ಲಿ ಈ ವಿಚಿತ್ರ ಜೀವಿಗಳು ತುಂಬಿಕೊಂಡಿದ್ದುದನ್ನು ಕಂಡು ಆಕೆ ಬೆರಗಾದರು. ಕವಿಗೆ ಆಗ ಅರವತ್ತಮೂರು ವರ್ಷ.

ಅಕ್ಷರದ ಮಗ್ಗುಲಲ್ಲಿ ಚಿತ್ರ ಹುಟ್ಟುವುದು ನಮ್ಮ ನಾಡಿಗೆ ಹೊಸತಲ್ಲ. ಮೂಡುಬಿದಿರೆಯ ಜೈನ ಭಂಡಾರದಲ್ಲಿ ಶತಮಾನಗಳಿಂದ ಕಾಪಾಡಿಕೊಂಡು ಬಂದ ಧವಳಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳಲ್ಲಿ, ಕನ್ನಡ ಲಿಪಿಯ ಸಾಲುಗಳ ಪಕ್ಕದಲ್ಲಿಯೇ ವರ್ಣಚಿತ್ರಗಳೂ ಇವೆ. ವಿದ್ವಾಂಸರು ಅವನ್ನು ಹನ್ನೆರಡನೆಯ ಶತಮಾನದ ಕಾಲದವೆಂದು ಗುರುತಿಸಿದ್ದಾರೆ. ಆದರೆ ಅಲ್ಲಿಯ ಚಿತ್ರಗಾರನು ಗ್ರಂಥವನ್ನು ಅಲಂಕರಿಸಲೆಂದೇ ಕುಂಚ ಹಿಡಿದವನು. ಅವನಿಗೆ ಶಾಸ್ತ್ರವಿತ್ತು, ಪರಂಪರೆಯಿತ್ತು. ರವೀಂದ್ರರ ಹಾಳೆಯಲ್ಲಿ ಚಿತ್ರ ಹುಟ್ಟಿದ್ದು ಅಲಂಕಾರಕ್ಕಾಗಿ ಅಲ್ಲ. ಕೈಬಿಟ್ಟ ಮಾತಿನ ಗಾಯದಿಂದ. ತಪ್ಪೆಂದು ಹೊಡೆದುಹಾಕಿದ್ದನ್ನೂ ಅವರು ವ್ಯರ್ಥವಾಗಗೊಡಲಿಲ್ಲ.

1928ರಲ್ಲಿ ವಿಲಾಯತಿಗೆ ಹೊರಟ ರವೀಂದ್ರರು ಅನಾರೋಗ್ಯದಿಂದ ಪಯಣವನ್ನು ಕೈಬಿಟ್ಟು ಬೆಂಗಳೂರಿಗೆ ಬಂದರು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಅತಿಥಿಗಳಾಗಿ ನಿಂತು ‘ಶೇಷೇರ್ ಕವಿತಾ’ ಕಾದಂಬರಿಯನ್ನು ಪೂರೈಸಿದರು. ಸರಿಸುಮಾರು ಅದೇ ಕಾಲದಲ್ಲಿ ಅವರ ಚಿತ್ರಗಳು ಹಸ್ತಪ್ರತಿಯ ಅಂಚನ್ನು ದಾಟಿ ಸ್ವತಂತ್ರವಾದ ಹಾಳೆಗಳಿಗೆ ಇಳಿದವು. ಅಲ್ಲಿಂದ ಮುಂದೆ ಅದೊಂದು ಪ್ರವಾಹವೇ ಆಯಿತು. ಕೈಗೆ ಸಿಕ್ಕ ಕಾಗದವೇ ಅವರ ಫಲಕ. ಲೇಖನಿ, ಕುಂಚ, ಬಟ್ಟೆಯ ಚೂರು, ಬೆರಳ ತುದಿ ಎಲ್ಲವೂ ಅವರಿಗೆ ಸಾಧನಗಳೇ. ಬಣ್ಣದ ಶಾಯಿಗಳು ಮೆಚ್ಚಿಗೆಯಾದವು; ಕೆಲವೊಮ್ಮೆ ಹೂವಿನ ಎಸಳುಗಳ ರಸವನ್ನೂ ಬಳಸುತ್ತಿದ್ದರು. ಚಿತ್ರವನ್ನು ಸಾಮಾನ್ಯವಾಗಿ ಒಂದೇ ಕುಳಿತದಲ್ಲಿ ಮುಗಿಸುತ್ತಿದ್ದರು. ಹೆಸರಿಡುತ್ತಿದ್ದುದು ವಿರಳ. ಕೆಂಪು ಹಸಿರುಗಳನ್ನು ಬೇರ್ಪಡಿಸಿ ನೋಡುವುದರಲ್ಲಿ ಅವರ ಕಣ್ಣಿಗೆ ತೊಡಕಿದ್ದಿರಬೇಕೆಂದು ಕೆಲವು ವಿಮರ್ಶಕರು ಊಹಿಸಿದ್ದಾರೆ. ಹಾಗಿದ್ದರೂ ಆ ಮಬ್ಬು ಕಂದು, ಗಾಢ ನೀಲಿ, ಇಳಿಸಂಜೆಯ ಹಳದಿ ಅವರದೇ ಆದ ಮುದ್ರೆಯಾಗಿ ಉಳಿದವು. ನೆರಳಿನಿಂದ ಮೆಲ್ಲನೆ ಹೊರಬರುವ ಹೆಣ್ಣಿನ ನೀಳ ಮುಖ, ಮಾತಿಲ್ಲದೆ ನೋಡುವ ಅದರ ಕಣ್ಣು ಅವರ ಚಿತ್ರಗಳಲ್ಲಿ ಮರಳಿ ಮರಳಿ ಬರುತ್ತವೆ. ಮಾತಿನ ಚಕ್ರವರ್ತಿಯೆನಿಸಿದವರು ಮಾತಿಗೆ ನಿಲುಕದ ವೇದನೆಯನ್ನು ಗೆರೆಗೆ ಒಪ್ಪಿಸಿದರೆಂದರೆ ತಪ್ಪಾಗಲಾರದು.

ಈ ಕಾರ್ಯದಲ್ಲಿ ಅವರಿಗೆ ಒಂದು ಅಳುಕೂ ಇದ್ದಿತು. ಅಣ್ಣನ ಮಕ್ಕಳ ಸಾಲಿನ ಅವನೀಂದ್ರನಾಥರು, ಗಗನೇಂದ್ರನಾಥರು ದೇಶವೇ ಬಲ್ಲ ಚಿತ್ರಕಾರರು. ಅವನೀಂದ್ರರ ಶಿಷ್ಯರಲ್ಲಿ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಒಬ್ಬರು. ಮತ್ತೊಬ್ಬ ಶಿಷ್ಯ ನಂದಲಾಲ ಬಸು ಶಾಂತಿನಿಕೇತನದ ಕಲಾಭವನವನ್ನು ಮುನ್ನಡೆಸುತ್ತಿದ್ದರು. ಇಂಥ ನಿಪುಣರ ನಡುವೆ, ಶಾಸ್ತ್ರೀಯವಾಗಿ ಕಲಿಯದ ಮುದುಕನೊಬ್ಬ ಕುಂಚ ಹಿಡಿದರೆ ಜನ ನಗದೆ ಇರುವರೇ? ಆದರೆ ಆ ಮನೆತನದಲ್ಲಿಯೇ ಇದಕ್ಕೆ ಉತ್ತರವೂ ಇತ್ತು. ಅವನೀಂದ್ರರ ಸೋದರಿ ಸುನಯನೀ ದೇವಿಯವರು ಯಾವ ಗುರುವಿನ ಬಳಿಯೂ ಕಲಿಯದೆ, ಮಕ್ಕಳುಮರಿಗಳ ಸಂಸಾರವನ್ನು ತೂಗಿಸುತ್ತಲೇ, ಮೂವತ್ತರ ವಯಸ್ಸಿನಲ್ಲಿ ಚಿತ್ರ ಬರೆಯಲಾರಂಭಿಸಿ ಹೆಸರಾಗಿದ್ದರು. ಸ್ವತಃ ಅವನೀಂದ್ರರು ಕೊನೆಗಾಲದಲ್ಲಿ ಒಣಗಿದ ಕಡ್ಡಿ, ಬೇರು, ಮರದ ತುಂಡುಗಳನ್ನು ಆಯ್ದು, ಅವುಗಳಲ್ಲಿ ಅಡಗಿದ್ದ ಹಕ್ಕಿಪ್ರಾಣಿಗಳನ್ನು ಕಂಡುಕೊಂಡು ಆಟಿಕೆಗಳನ್ನು ಮಾಡಿದರು. ಅವುಗಳಿಗೆ ‘ಕುಟುಮ್ ಕಾಟಾಮ್’ ಎಂದು ಹೆಸರಿಟ್ಟರು. ಚಿಕ್ಕಪ್ಪ ಹೊಡೆದುಹಾಕಿದ ಅಕ್ಷರದಲ್ಲಿ ಕಂಡುದನ್ನು ಅಣ್ಣನ ಮಗ ಬಿದ್ದ ಕಡ್ಡಿಯಲ್ಲಿ ಕಂಡನು.

ಶಾಂತಿನಿಕೇತನದ ‘ಉತ್ತರಾಯಣ’ದಲ್ಲಿ ರವೀಂದ್ರರ ಮುಪ್ಪಿನ ಬಾಳು ಮಗ ಸೊಸೆಯರ ಆಸರೆಯಲ್ಲಿ ಸಾಗಿತು. ರಥೀಂದ್ರನಾಥರು ಅಮೆರಿಕದಲ್ಲಿ ಕೃಷಿವಿಜ್ಞಾನ ಕಲಿತವರು. ತೋಟಗಾರಿಕೆಯ ಜೊತೆಗೆ ಮರಗೆಲಸ, ಚರ್ಮದ ಕುಸುರಿಗಳಲ್ಲಿ ನಿಷ್ಣಾತರು. ಸೊಸೆ ಪ್ರತಿಮಾ ದೇವಿಯವರು ಚಿತ್ರ ಬರೆಯುತ್ತಿದ್ದರು. ಬಾಟಿಕ್ ಮೊದಲಾದ ಕೈಕಸುಬುಗಳನ್ನು ಶಾಂತಿನಿಕೇತನ, ಶ್ರೀನಿಕೇತನಗಳಲ್ಲಿ ನೆಲೆಗೊಳಿಸಿದರು. ಮಾವನವರ ನೃತ್ಯನಾಟಕಗಳಿಗೆ ರೂಪ ಕೊಡುವಲ್ಲಿ ನೆರವಾದರು. 1935ರಲ್ಲಿ ಕವಿಗಾಗಿ ‘ಶ್ಯಾಮಲೀ’ ಎಂಬ ಮಣ್ಣಿನ ಮನೆ ಎದ್ದಿತು. ಅದರ ಗೋಡೆಗಳಲ್ಲಿ ಕಲಾಭವನದವರು ಉಬ್ಬುಚಿತ್ರಗಳನ್ನು ಮೂಡಿಸಿದರು. ಮೊಮ್ಮಗಳು ನಂದಿನಿಗೆ ಹೇಳಿದ ವಿನೋದದ ಕಥೆಗಳು 1937ರಲ್ಲಿ ‘ಸೇ’ ಎಂಬ ಪುಸ್ತಕವಾದವು. ಅದಕ್ಕೆ ಚಿತ್ರಗಳನ್ನು ಬರೆದವರು ಅಜ್ಜನೇ. ಒಬ್ಬರು ಮರದಲ್ಲಿ, ಒಬ್ಬರು ಬಟ್ಟೆಯಲ್ಲಿ, ಒಬ್ಬರು ಕಾಗದದಲ್ಲಿ, ಹೀಗೆ ಆ ಮನೆಯಲ್ಲಿ ಪ್ರತಿಯೊಬ್ಬರ ಕೈಯೂ ಏನನ್ನಾದರೂ ನಿರ್ಮಿಸುತ್ತಿತ್ತು.

ರವೀಂದ್ರರ ಚಿತ್ರಗಳ ಮೊದಲ ಪ್ರದರ್ಶನ ನಡೆದದ್ದು ಪ್ಯಾರಿಸ್ಸಿನಲ್ಲಿ. 1930ರಲ್ಲಿ ಉಪನ್ಯಾಸಗಳಿಗಾಗಿ ಯೂರೋಪಿಗೆ ತೆರಳಿದಾಗ ತಮ್ಮ ಚಿತ್ರಗಳನ್ನೂ ಜೊತೆಯಲ್ಲಿ ಒಯ್ದರು. ವಿಕ್ಟೋರಿಯಾ ಒಕಾಂಪೊ ಅವರು ಅಲ್ಪಾವಧಿಯಲ್ಲಿಯೇ ಪಿಗಾಲ್ ಗ್ಯಾಲರಿಯನ್ನು ಗೊತ್ತುಮಾಡಿಕೊಟ್ಟರು. ಮೇ ತಿಂಗಳ ಮೊದಲಲ್ಲಿ, ಅರವತ್ತೊಂಬತ್ತು ತುಂಬುವ ಹೊಸ್ತಿಲಲ್ಲಿ, ಕವಿ ಚಿತ್ರಕಾರನಾಗಿ ಜಗತ್ತಿನ ಮುಂದೆ ನಿಂತರು. ಅನಂತರ ಲಂಡನ್, ಬರ್ಲಿನ್, ಕೋಪನ್‌ಹೇಗನ್, ಜಿನೀವ, ಮಾಸ್ಕೊ, ನ್ಯೂಯಾರ್ಕ್ ಮುಂತಾದ ನಗರಗಳಲ್ಲಿ ಪ್ರದರ್ಶನಗಳು ಜರುಗಿದವು. ಯೂರೋಪಿನ ಕಲಾವಿದರು ಅವುಗಳಲ್ಲಿ ತಮ್ಮ ನವ್ಯ ಶೋಧನೆಗಳ ಸಾದೃಶ್ಯವನ್ನು ಕಂಡರು. 1931ರಲ್ಲಿ, ಎಪ್ಪತ್ತು ತುಂಬಿದ ಸಂಭ್ರಮದ ಸಂದರ್ಭದಲ್ಲಿ, ಕಲ್ಕತ್ತೆಯಲ್ಲಿಯೂ ಚಿತ್ರಗಳನ್ನು ತೋರಿಸಲಾಯಿತು. ಪುರಾಣದ ಸುಂದರ ದೃಶ್ಯಗಳಿಗೆ ಒಗ್ಗಿದ್ದ ನಮ್ಮವರಲ್ಲಿ ಅನೇಕರು ಈ ವಕ್ರ ಮೃಗಗಳನ್ನೂ ವಿಷಣ್ಣ ಮುಖಗಳನ್ನೂ ಕಂಡು ತಬ್ಬಿಬ್ಬಾದರು. ರವೀಂದ್ರರು ವಿವರಣೆ ಕೊಡಲಿಲ್ಲ. ಬರೆಯುವುದನ್ನು ನಿಲ್ಲಿಸಲೂ ಇಲ್ಲ.

1937ರ ಸೆಪ್ಟೆಂಬರಿನಲ್ಲಿ ಅವರು ಹಠಾತ್ತನೆ ಪ್ರಜ್ಞೆ ತಪ್ಪಿ ಮೃತ್ಯುವಿನ ಸಮೀಪಕ್ಕೆ ಹೋಗಿ ಬಂದರು. ಚೇತರಿಸಿಕೊಳ್ಳುತ್ತಿದ್ದಂತೆಯೇ ಬಣ್ಣ ಕುಂಚಗಳನ್ನು ತರಿಸಿಕೊಂಡು ನಿಸರ್ಗ ದೃಶ್ಯವೊಂದನ್ನು ಬರೆದರು. 1940ರಲ್ಲಿ ‘ಚಿತ್ರಲಿಪಿ’ ಎಂಬ ಅವರ ಚಿತ್ರಸಂಪುಟ ಪ್ರಕಟವಾಯಿತು. ಅದೇ ವರ್ಷ ಮತ್ತೆ ಹಾಸಿಗೆ ಹಿಡಿದ ಅವರು ಪೂರ್ಣವಾಗಿ ಏಳಲಿಲ್ಲ. 1941ರ ಆಗಸ್ಟ್ 7ರಂದು, ತಾವು ಹುಟ್ಟಿದ ಜೊರಾಸಾಂಕೊ ಮನೆಯಲ್ಲಿಯೇ, ಎಂಬತ್ತನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಅವರ ಚಿತ್ರಗಳಲ್ಲಿ ಬಹುಭಾಗ ಶಾಂತಿನಿಕೇತನದ ರವೀಂದ್ರ ಭವನದಲ್ಲಿ ಸುರಕ್ಷಿತವಾಗಿವೆ. ಭಾರತ ಸರ್ಕಾರವು ಅವರ ಕೃತಿಗಳನ್ನು ರಾಷ್ಟ್ರದ ಕಲಾನಿಧಿಯೆಂದು ಮಾನ್ಯ ಮಾಡಿದೆ. 2023ರಲ್ಲಿ ಶಾಂತಿನಿಕೇತನವು ಯುನೆಸ್ಕೊ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು.

ರವೀಂದ್ರರಂಥ ಪ್ರತಿಭೆ ಎಲ್ಲರಿಗೂ ಲಭಿಸುವುದಿಲ್ಲ. ಆದರೆ ಅವರು ಹಿಡಿದ ಹಾದಿ ಎಲ್ಲರಿಗೂ ತೆರೆದಿದೆ. ನಲವತ್ತರಲ್ಲಿ ಕೈಗೂಡದೆ ಬಿಟ್ಟ ವಿದ್ಯೆಯನ್ನು ಅರವತ್ತರಲ್ಲಿ ಮತ್ತೆ ಹಿಡಿಯಲು ಅವರು ನಾಚಲಿಲ್ಲ. ಕೀರ್ತಿವಂತನಾದ ತಾನು ಹೊಸಬನಾಗಿ ನಿಲ್ಲುವುದೆಂತು ಎಂದು ಹಿಂಜರಿಯಲಿಲ್ಲ. ನಮ್ಮ ಮನೆಗಳಲ್ಲಿಯೂ ಅಂಗಳದ ರಂಗವಲ್ಲಿ, ತೊಟ್ಟಿಲ ಕೌದಿ, ಚೌತಿಯ ಮಣ್ಣಿನ ಗಣಪ, ಬಿದಿರಿನ ಬುಟ್ಟಿಗಳ ರೂಪದಲ್ಲಿ ಕಲೆ ಇದ್ದೇ ಇದೆ. ಅಜ್ಜಿಯ ಕೈಯ ಗೆರೆ ಮೊಮ್ಮಗಳ ಕೈಗೆ ದಾಟುವ ಮನೆಯಲ್ಲಿ ಮುಪ್ಪು ಬಳಲಿಕೆಯಾಗುವುದಿಲ್ಲ, ಎಳೆತನ ಬರಿದಾಗುವುದಿಲ್ಲ. ಹೊಡೆದುಹಾಕಿದ ಗೆರೆಯಿಂದಲೂ ಹಕ್ಕಿಯೊಂದು ಏಳಬಹುದೆಂಬ ಭರವಸೆಯೇ ಕವಿ ರವೀಂದ್ರರು ತಮ್ಮ ಇಳಿಹೊತ್ತಿನಲ್ಲಿ ನಮಗಿತ್ತ ಕೊಡುಗೆ.