ಬೀಸುವ ಕಲ್ಲಿನ ಹಾಡಿಗೆ ಕಿವಿಗೊಟ್ಟ ಅನುಭಾವಿ: ಹಲಸಂಗಿಯ ಮಧುರಚೆನ್ನರು



ಕನ್ನಡ ನಾಡಿನ ಅಮೂಲ್ಯ ಸಾಹಿತ್ಯ ನಿಧಿಯನ್ನು ಹುಡುಕಿ ಉಳಿಸಿಕೊಟ್ಟವರೆಂದೊಡನೆ ನಮ್ಮೆಲ್ಲರಿಗೂ ನೆನಪಾಗುವವರು ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರು. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ತಾಳೆಗರಿಯ ಕಟ್ಟುಗಳನ್ನು ಅರಸುತ್ತ ಮನೆಮನೆ ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ವಾಸದ ಮನೆಯನ್ನು ಮಾರಿ ಮುದ್ರಣಾಲಯ ಸ್ಥಾಪಿಸಿದರು. ಆ ತ್ಯಾಗದ ಕಥೆ ನಮ್ಮ ಸಮಾಜದ ಪ್ರತಿ ಮನೆಯಲ್ಲಿಯೂ ಪರಿಚಿತವಾದುದು.

ಅದೇ ಕಾಲದಲ್ಲಿ, ಅದೇ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮತ್ತೊಂದು ನಿಧಿಯ ಶೋಧವೂ ನಡೆಯುತ್ತಿತ್ತು. ಅದಕ್ಕೆ ತಾಳೆಗರಿಯ ಆಸರೆಯೂ ಇರಲಿಲ್ಲ. ಅದು ನಸುಕಿನಲ್ಲಿ ಜೋಳ ಬೀಸುವ ತಾಯಂದಿರ ನಾಲಗೆಯ ಮೇಲೆ ಮಾತ್ರ ಬದುಕಿತ್ತು. ತಾಯಿ ಕಣ್ಣು ಮುಚ್ಚಿದರೆ ಅವಳೊಂದಿಗೆ ಹಾಡೂ ಮಣ್ಣು ಸೇರುತ್ತಿತ್ತು. ಆ ಹಾಡುಗಳಿಗೆ ಕಿವಿಗೊಟ್ಟು, ಬರೆದುಕೊಂಡು, ಅಚ್ಚಿಗೆ ತಂದ ಹಲಸಂಗಿ ಗೆಳೆಯರ ಬಳಗದ ನಡುವಿನ ದೀಪವೆಂದರೆ ಮಧುರಚೆನ್ನರು.

ಜನನ ಮತ್ತು ವಿದ್ಯಾಭ್ಯಾಸ

ಮಧುರಚೆನ್ನ ಎಂಬುದು ಕಾವ್ಯನಾಮ. ಅವರ ನಿಜನಾಮ ಚೆನ್ನಮಲ್ಲಪ್ಪ, ಮನೆತನದ ಹೆಸರು ಗಲಗಲಿ. ಅಂದಿನ ಇಂಡಿ ತಾಲ್ಲೂಕಿನ ಹಿರೇಲೋಣಿಯಲ್ಲಿ 1903ರ ಜುಲೈ 31ರಂದು ಅವರ ಜನನವಾಯಿತು. ತಂದೆ ಸಿದ್ಧಲಿಂಗಪ್ಪ, ತಾಯಿ ಅಂಬವ್ವ. ಬೆಳೆದದ್ದು ಮತ್ತು ಬಾಳಿದ್ದು ಹಲಸಂಗಿಯಲ್ಲಿ. ಭೀಮಾ ನದಿಯ ಸೀಮೆಯ ಈ ಊರು ಮಹಾರಾಷ್ಟ್ರದ ಗಡಿಗೆ ಸಮೀಪದಲ್ಲಿದೆ. ಅಂದು ವಿಜಯಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆಡಳಿತದಲ್ಲಿಯೂ ವಿದ್ಯಾವಂತರ ವ್ಯವಹಾರದಲ್ಲಿಯೂ ಮರಾಠಿಗೆ ಇದ್ದ ಮನ್ನಣೆ ಕನ್ನಡಕ್ಕೆ ಇರಲಿಲ್ಲ. ಹೀಗಿರುವಾಗ ಓದು ಬಾರದ ಹೆಂಗಸರ ಹಾಡನ್ನು ಸಾಹಿತ್ಯವೆಂದು ಯಾರಾದರೂ ಎಣಿಸುವುದು ದೂರದ ಮಾತಾಗಿತ್ತು.

ಚೆನ್ನಮಲ್ಲಪ್ಪನವರ ಶಾಲಾ ವಿದ್ಯಾಭ್ಯಾಸ ಮುಲ್ಕಿ ಪರೀಕ್ಷೆಯವರೆಗೆ ಸಾಗಿತು. ಕಾಲೇಜಿನ ಮೆಟ್ಟಿಲು ಹತ್ತುವ ಯೋಗ ಅವರಿಗೆ ಒದಗಲಿಲ್ಲ. ಆದರೆ ಕಲಿಯುವ ಹಸಿವು ತಣಿಯಲಿಲ್ಲ. ಹಳಗನ್ನಡ ಕಾವ್ಯ, ಸಂಸ್ಕೃತ, ಇಂಗ್ಲಿಷ್ ಇವುಗಳನ್ನು ಸ್ವಂತ ಪರಿಶ್ರಮದಿಂದ ಅಭ್ಯಾಸ ಮಾಡಿದರು. ಶಾಸನಗಳ ಅಧ್ಯಯನದಲ್ಲಿ ತೊಡಗಿದರು. ಮುಂದೆ ಟಾಲ್‌ಸ್ಟಾಯ್ ಅವರ ಆತ್ಮನಿವೇದನೆಯನ್ನೂ ರವೀಂದ್ರನಾಥ ಠಾಕೂರರ ‘ವಿಸರ್ಜನ’ ನಾಟಕವನ್ನೂ ಕನ್ನಡಕ್ಕೆ ತಂದರು. ಒಂದು ಹಳ್ಳಿಯಲ್ಲಿ ಕುಳಿತು, ಪದವಿಯ ಬೆಂಬಲವಿಲ್ಲದೆ, ಜಗತ್ತಿನ ದೊಡ್ಡ ಮನಸ್ಸುಗಳೊಡನೆ ಸಂವಾದ ನಡೆಸಿದ ಸಾಧಕ ಜೀವ ಅದು.

ಗೆಳೆಯರ ಬಳಗ

ಮಧುರಚೆನ್ನರು ಒಂಟಿಯಾಗಿ ಬೆಳೆದವರಲ್ಲ. ಚಡಚಣದ ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು ಮೊದಲಾದವರು ಅವರ ಸುತ್ತ ನೆರೆದರು. ಲಿಂಗಣ್ಣನವರು ವೃತ್ತಿಯಿಂದ ಶಾಲಾ ಶಿಕ್ಷಕರು. ಧೂಲಾಸಾಹೇಬರು ಮುಸಲ್ಮಾನ ಬಂಧುಗಳು. ಜಾತಿ ಮತಗಳ ಗೋಡೆ ಈ ಸ್ನೇಹದ ನಡುವೆ ಏಳಲಿಲ್ಲ. ಅನುಭವ ಮಂಟಪದ ಆದರ್ಶವನ್ನು ಮಾತಿನಲ್ಲಿ ಹೊಗಳುವವರು ಬಹಳ. ಹಲಸಂಗಿಯ ಈ ಯುವಕರು ಅದನ್ನು ತಮ್ಮ ಊರಿನ ಕಟ್ಟೆಯ ಮೇಲೆ ಸಹಜವಾಗಿ ಬದುಕಿ ತೋರಿಸಿದರು.

ಊರಿನಲ್ಲಿ ಶಾರದಾ ವಾಚನಾಲಯ ಹುಟ್ಟಿಕೊಂಡಿತು. ಅಲ್ಲಿ ಗೆಳೆಯರು ಪುಸ್ತಕ ಪತ್ರಿಕೆಗಳನ್ನು ಓದಿದರು, ಚರ್ಚಿಸಿದರು. ಧಾರವಾಡದಲ್ಲಿ ‘ಗೆಳೆಯರ ಗುಂಪು’ ಕಟ್ಟಿದ್ದ ದ.ರಾ. ಬೇಂದ್ರೆಯವರೊಡನೆ ಗಾಢವಾದ ಆತ್ಮೀಯತೆ ಬೆಳೆಯಿತು. ಹೊರಗಿನ ಸಾಹಿತ್ಯವನ್ನು ಓದುತ್ತ ಹೋದಂತೆ ಗೆಳೆಯರಿಗೆ ಒಂದು ಸತ್ಯ ಹೊಳೆಯಿತು. ತಾವು ಪುಸ್ತಕಗಳಲ್ಲಿ ಹುಡುಕುತ್ತಿರುವ ರಸವು ತಮ್ಮ ಮನೆಯ ಬೀಸುವ ಕಲ್ಲಿನ ಬಳಿಯೇ ದಿನವೂ ಹರಿಯುತ್ತಿದೆ ಎಂಬುದೇ ಆ ಸತ್ಯ.

ಹಾಡನ್ನು ಬರೆದುಕೊಂಡ ಬಗೆ

ಜನಪದ ಹಾಡುಗಳನ್ನು ಸಂಗ್ರಹಿಸುವ ಕೆಲಸ ಕನ್ನಡಕ್ಕೆ ಅಂದು ತೀರ ಹೊಸದೇನಲ್ಲ. 1871ರಲ್ಲಿ ಚಾರ್ಲ್ಸ್ ಗೋವರ್ ದಕ್ಷಿಣ ಭಾರತದ ಹಾಡುಗಳ ಇಂಗ್ಲಿಷ್ ಸಂಕಲನವನ್ನು ಪ್ರಕಟಿಸಿದ್ದನು. ಶಾಸನತಜ್ಞ ಫ್ಲೀಟ್ ಉತ್ತರ ಕರ್ನಾಟಕದ ಲಾವಣಿಗಳನ್ನು 1880ರ ದಶಕದಲ್ಲಿ ಅಚ್ಚು ಹಾಕಿಸಿದ್ದನು. ಆದರೆ ಅವರು ಹೊರಗಿನಿಂದ ಬಂದವರು. ಹಲಸಂಗಿಯ ಗೆಳೆಯರು ಆ ಹಾಡು ಕೇಳುತ್ತಲೇ ತೊಟ್ಟಿಲಲ್ಲಿ ಮಲಗಿದವರು.

ಅದೇ ಕಾಲಘಟ್ಟದಲ್ಲಿ ಯೂರೋಪಿನ ಹಂಗೇರಿ ದೇಶದಲ್ಲಿ ಬಾರ್ಟೋಕ್ ಮತ್ತು ಕೊಡಾಯ್ ಎಂಬ ಸಂಗೀತಜ್ಞರು ಫೋನೋಗ್ರಾಫ್ ಯಂತ್ರವನ್ನು ಹೊತ್ತು ಹಳ್ಳಿಹಳ್ಳಿ ತಿರುಗಿ, ರೈತರ ಹಾಡುಗಳನ್ನು ಮೇಣದ ಉರುಳೆಗಳ ಮೇಲೆ ಧ್ವನಿಮುದ್ರಿಸಿದ್ದರು. ನಮ್ಮ ದೇಶದಲ್ಲಿಯೂ 1902ರಿಂದ ಗ್ರಾಮಫೋನ್ ಮುದ್ರಣ ಆರಂಭವಾಗಿತ್ತು. ಅದು ಹೆಚ್ಚಾಗಿ ನಗರದ ವೃತ್ತಿಗಾಯಕರಿಗೆ ಸೀಮಿತವಾಗಿತ್ತು. ಹಲಸಂಗಿಯ ಗೆಳೆಯರಿಗೆ ಇದ್ದ ಸಾಧನಗಳೆಂದರೆ ಕಿವಿ, ನೆನಪು, ಕಾಗದ ಮತ್ತು ಲೇಖನಿ.

ಈ ಕೆಲಸದ ಕಷ್ಟವನ್ನು ನಾವು ತಿಳಿಯಬೇಕು. ಬೀಸುವ ಹಾಡು ಬೀಸುವಾಗಲೇ ಬರುತ್ತದೆ. ಕಲ್ಲಿನ ತಿರುವಿಗೆ ಹಾಡಿನ ಲಯ ಹೊಂದಿಕೊಂಡಿರುತ್ತದೆ. ಕೆಲಸ ಬಿಡಿಸಿ ಕೂಡಿಸಿ ಹೇಳಿರೆಂದರೆ ನುಡಿಗಳು ತಡವರಿಸುತ್ತವೆ. ಗಂಡಸರ ಮುಂದೆ ಹಾಡಲು ಹೆಣ್ಣುಮಕ್ಕಳಿಗೆ ಸಂಕೋಚ. ಅದರಲ್ಲಿಯೂ ಅತ್ತೆಮನೆಯ ನೋವು, ತವರಿನ ಹಂಬಲ, ಸವತಿಯ ಸಂಕಟ ಇವು ಹಾಡಿನಲ್ಲಿ ಮಾತ್ರ ಆಡಬಹುದಾದ ಗುಟ್ಟುಗಳು. ಅದನ್ನು ಬರೆದುಕೊಳ್ಳುತ್ತೇನೆ ಎಂದು ಬಂದವನಲ್ಲಿ ತಾಯಂದಿರಿಗೆ ವಿಶ್ವಾಸ ಹುಟ್ಟದಿದ್ದರೆ ಹಾಡು ಹೊರಬರುವುದಿಲ್ಲ. ಆ ವಿಶ್ವಾಸ ಹಲಸಂಗಿಯ ಗೆಳೆಯರಿಗೆ ಇತ್ತು, ಏಕೆಂದರೆ ಅವರು ಅದೇ ಊರುಕೇರಿಗಳ ಮಕ್ಕಳಾಗಿದ್ದರು.

ಈ ಶ್ರಮದ ಮೊದಲ ಫಲವಾಗಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. 1933ರಲ್ಲಿ ‘ಜೀವನ ಸಂಗೀತ’ ಎಂಬ ಲಾವಣಿಗಳ ಸಂಗ್ರಹವೂ, 1935ರಲ್ಲಿ ಕಾಪಸೆ ರೇವಪ್ಪನವರ ‘ಮಲ್ಲಿಗೆ ದಂಡೆ’ಯೂ ಬಂದವು. ‘ಗರತಿಯ ಹಾಡಿ’ಗೆ ಮುನ್ನುಡಿ ಬರೆದ ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು ಜನರ ನಾಲಗೆಯೇ ಕಾವ್ಯದ ಮೂಲವೆಂದು ಮನಗಂಡು ಈ ಸಂಗ್ರಹವನ್ನು ಎತ್ತಿಹಿಡಿದರು. ವಿಶ್ವವಿದ್ಯಾಲಯದ ಆಚಾರ್ಯರೊಬ್ಬರು ಬೀಸುವ ಕಲ್ಲಿನ ಹಾಡಿಗೆ ಕೊಟ್ಟ ಆ ಮನ್ನಣೆಯಿಂದ ವಿದ್ವಾಂಸರ ದೃಷ್ಟಿ ಹಳ್ಳಿಯ ಕಡೆ ತಿರುಗಿತು.

‘ಗರತಿಯ ಹಾಡಿ’ನ ಜೀವಾಳ ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಾಣುವ, ಸರ್ವಜ್ಞ ಕವಿ ನಾಡಿನ ಮೂಲೆಮೂಲೆಗೆ ಮುಟ್ಟಿಸಿದ ಅದೇ ಛಂದಸ್ಸು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಲ್ಲಿನಲ್ಲಿ ಕೆತ್ತಿದ ಲಯವನ್ನು ಅಕ್ಷರ ಕಾಣದ ತಾಯಂದಿರು ತಪ್ಪದೆ ಕಾಪಾಡಿಕೊಂಡು ಬಂದಿದ್ದರು. ಆ ಹಾಡುಗಳಲ್ಲಿ ತವರಿನ ಅಣ್ಣತಮ್ಮಂದಿರಿದ್ದಾರೆ, ತೊಟ್ಟಿಲ ಕಂದನಿದ್ದಾನೆ, ಹೊಲವಿದೆ, ಮಳೆಯಿದೆ. ಬಸವಣ್ಣನೂ ಶ್ರೀಶೈಲದ ಮಲ್ಲಯ್ಯನೂ ಮನೆಯ ಹಿರಿಯರಂತೆ ಬಂದು ಹೋಗುತ್ತಾರೆ. ಕಾಯಕದ ಜೊತೆಗೇ ದೈವಸ್ಮರಣೆ ನಡೆಯುವುದನ್ನು ಕಾಣಬೇಕಾದವರು ಈ ಹಾಡುಗಳನ್ನು ಓದಬೇಕು.

ಕತ್ತಲೆಯಿಂದ ಬೆಳಕಿಗೆ

ಹಾಡಿನ ಸಂಗ್ರಹಕಾರ ಎಂದಷ್ಟೇ ಹೇಳಿದರೆ ಮಧುರಚೆನ್ನರ ಜೀವನ ಪೂರ್ತಿಯಾಗುವುದಿಲ್ಲ. ಅವರ ಅಂತರಂಗದಲ್ಲಿ ಯೌವನದಲ್ಲಿಯೇ ದೊಡ್ಡ ಬಿರುಗಾಳಿ ಎದ್ದಿತ್ತು. ದೇವರು ಇರುವನೇ ಎಂಬ ಸಂಶಯ ಅವರನ್ನು ಕಾಡಿತು. ಹುಟ್ಟಿನಿಂದ ಬಂದ ಆಚಾರ, ಕೇಳಿ ಕಲಿತ ನಂಬಿಕೆ ಇವುಗಳಿಂದ ಅವರಿಗೆ ಸಮಾಧಾನವಾಗಲಿಲ್ಲ. ತಾನೇ ಕಾಣದ ದೇವರನ್ನು ಇದ್ದಾನೆಂದು ಹೇಳುವುದು ಸುಳ್ಳಾದೀತೆಂದು ನೊಂದರು. ಟಾಲ್‌ಸ್ಟಾಯ್ ಅವರ ಆತ್ಮನಿವೇದನೆ ಅವರನ್ನು ಸೆಳೆದದ್ದು ಸಹಜವೇ ಆಗಿದೆ.

ಈ ತೊಳಲಾಟವನ್ನು ಅವರು ಮರೆಮಾಚಲಿಲ್ಲ. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಕೃತಿಗಳಲ್ಲಿ ಸಂಶಯದಿಂದ ಅನುಭವದ ಬೆಳಕಿನವರೆಗೆ ತಾವು ನಡೆದ ದಾರಿಯನ್ನು ನಿರ್ಭಿಡೆಯಿಂದ ದಾಖಲಿಸಿದರು. ಕನ್ನಡದಲ್ಲಿ ಆಧ್ಯಾತ್ಮಿಕ ಆತ್ಮಕಥನಕ್ಕೆ ಇವು ಅಪೂರ್ವ ನಿದರ್ಶನಗಳು. ಮುಂದೆ ಶ್ರೀ ಅರವಿಂದರ ಪೂರ್ಣಯೋಗ ಅವರ ಬಾಳಿನ ದಾರಿಯಾಯಿತು. ಗೆಳೆಯರ ಬಳಗವೂ ಅದೇ ಕಡೆಗೆ ಒಲಿಯಿತು.

ಅವರ ಪ್ರಸಿದ್ಧ ಕವನ ‘ನನ್ನ ನಲ್ಲ’ದಲ್ಲಿ ಪರಮಾತ್ಮನು ನಲ್ಲನಾಗಿದ್ದಾನೆ. ಅಕ್ಕಮಹಾದೇವಿಯ ಪರಂಪರೆಯ ಶರಣಸತಿ ಲಿಂಗಪತಿ ಭಾವ ಇಲ್ಲಿ ಹೊಸ ಕಾಲದ ದನಿಯಲ್ಲಿ ಮೂಡಿದೆ. ಗಮನಿಸಬೇಕಾದ ಸಂಗತಿಯೆಂದರೆ, ಆ ಅನುಭಾವವನ್ನು ಹೇಳಲು ಅವರು ಪಂಡಿತರ ಭಾಷೆಯನ್ನು ಅರಸಲಿಲ್ಲ. ತಾವು ಕಿವಿಗೊಟ್ಟು ಕೇಳಿದ ತಾಯಂದಿರ ನುಡಿಯ ಸರಳತೆಯೂ ಮಾರ್ದವವೂ ಅವರ ಕಾವ್ಯಕ್ಕೆ ಇಳಿದುಬಂದವು. ಹಾಡಿನ ಸಂಗ್ರಹ ಮತ್ತು ಆತ್ಮಸಾಧನೆ ಅವರಲ್ಲಿ ಬೇರೆಬೇರೆ ಕೆಲಸಗಳಾಗಿರಲಿಲ್ಲ. ಎರಡಕ್ಕೂ ಬೇಕಾದದ್ದು ಅಹಂಕಾರ ಬಿಟ್ಟು ಕೇಳುವ ಮನಸ್ಸು. ಓದಿದವನೆಂಬ ಹಮ್ಮನ್ನು ಬೀಸುವ ಕಲ್ಲಿನ ಮುಂದೆ ಇಳಿಸಿಟ್ಟವರಿಗೆ ಒಳದನಿಯೂ ಕೇಳಿಸಿತು ಎಂದು ನಾವು ಭಾವಿಸಬಹುದು.

1953ರ ಆಗಸ್ಟ್ 15ರಂದು, ಶ್ರೀ ಅರವಿಂದರ ಜನ್ಮದಿನದಂದೇ, ಮಧುರಚೆನ್ನರು ದೇಹ ಬಿಟ್ಟರು. ಅವರಿಗೆ ಆಗ ಐವತ್ತು ವರ್ಷ. ಸಿಂಪಿ ಲಿಂಗಣ್ಣನವರು ಬಹುಕಾಲ ಬದುಕಿ ಜಾನಪದದ ಕೆಲಸವನ್ನು ಮುಂದುವರಿಸಿದರು. ಕೊಪ್ಪಳದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ನಾಡಿನ ಗೌರವ ಪಡೆದರು.

ಉಳಿದದ್ದು, ಉಳಿಯದೆ ಹೋದದ್ದು

ಹಲಸಂಗಿಯ ಗೆಳೆಯರಿಂದ ನಮಗೆ ಹಾಡಿನ ನುಡಿ ದೊರೆಯಿತು. ಆದರೆ ಹಾಡಿದ ತಾಯಿಯ ದನಿ, ಅವಳ ಧಾಟಿ, ಮಧ್ಯೆ ತೆಗೆದ ಉಸಿರು, ಕಲ್ಲಿನ ಸದ್ದು ಇವು ಕಾಗದಕ್ಕೆ ಇಳಿಯಲಿಲ್ಲ. ಅದು ಅವರ ಕೊರತೆಯಲ್ಲ, ಅಂದಿನ ಸಾಧನಗಳ ಮಿತಿ. ಮುಂದಿನ ತಲೆಮಾರಿನವರು ಧ್ವನಿಮುದ್ರಣ ಯಂತ್ರ ಹಿಡಿದು ಹಳ್ಳಿಗೆ ನಡೆದರು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಭಕ್ತರು ಅದನ್ನು ತಪ್ಪದೆ ನೋಡಬೇಕು.

ನಮ್ಮ ಯಲಹಂಕ ಸೀಮೆಯ ಮಾತನ್ನೂ ಇಲ್ಲಿ ಹೇಳಬೇಕಾಗಿದೆ. ಇಲ್ಲಿಯ ಹಳ್ಳಿಗಳಲ್ಲಿ ರಾಗಿ ಬೀಸುವ ಪದ, ಸೋಬಾನೆ ಪದಗಳನ್ನು ಬಲ್ಲ ಅಜ್ಜಿಯಂದಿರು ಇಂದಿಗೂ ಇದ್ದಾರೆ. ವಿಜಯಪುರ, ಕಲಬುರಗಿ ಕಡೆಯಿಂದ ಮಕ್ಕಳ ಉದ್ಯೋಗದ ನಿಮಿತ್ತ ಬಂದು ಅಪಾರ್ಟ್‌ಮೆಂಟುಗಳಲ್ಲಿ ನೆಲೆಸಿರುವ ಹಿರಿಯ ತಾಯಂದಿರೂ ಇದ್ದಾರೆ. ರಾಗಿ ಕಲ್ಲು ಹೊಲದ ಮೂಲೆಗೋ ತೋಟದ ಅಲಂಕಾರಕ್ಕೋ ಹೋಗಿದೆ. ಕಲ್ಲಿನ ಜೊತೆಗೆ ಹಾಡಿಗೂ ಸಂದರ್ಭ ತಪ್ಪಿದೆ. ಕೇಳುವವರಿಲ್ಲದ ಕಾರಣ ಅವರು ಹಾಡುವುದನ್ನು ಬಿಟ್ಟಿದ್ದಾರೆ.

ಕೆಲವು ಕಾಲದ ಹಿಂದೆ ನಮ್ಮ ಕಡೆಯ ಮದುವೆಯೊಂದರಲ್ಲಿ ವಯೋವೃದ್ಧ ತಾಯಿಯೊಬ್ಬರು ಸೋಬಾನೆ ಎತ್ತಿಕೊಂಡರು. ಹುಡುಗರು ಮೊಬೈಲಿನಲ್ಲಿ ಕ್ಷಣಕಾಲ ಚಿತ್ರೀಕರಿಸಿ ಊಟಕ್ಕೆ ಎದ್ದರು. ನಾನೂ ಅಲ್ಲಿಯೇ ಇದ್ದೆ. ಕಾರ್ಯದ ಗಡಿಬಿಡಿಯಲ್ಲಿ ಆ ತಾಯಿಯ ಹೆಸರನ್ನಾಗಲಿ ಊರನ್ನಾಗಲಿ ಕೇಳಲಿಲ್ಲ. ಕನ್ನಡ ಎಂ.ಎ. ಓದಿದ ನನಗೆ ಆ ತಪ್ಪು ಇಂದಿಗೂ ಮುಳ್ಳಿನಂತೆ ಚುಚ್ಚುತ್ತದೆ. ಮಧುರಚೆನ್ನರ ಬಳಿ ಇಲ್ಲದ ಯಂತ್ರ ನನ್ನ ಜೇಬಿನಲ್ಲಿತ್ತು. ಅವರಲ್ಲಿ ಇದ್ದ ಶ್ರದ್ಧೆ ಅಂದು ನನ್ನಲ್ಲಿ ಇರಲಿಲ್ಲ.

ಆದ್ದರಿಂದ ಸದ್ಭಕ್ತರಲ್ಲಿ ನನ್ನ ವಿನಂತಿ ಇಷ್ಟೆ. ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ, ಅವರ ಒಪ್ಪಿಗೆ ಪಡೆದು, ಬಿಡುವಾಗಿ ಕುಳಿತು, ಹಾಡನ್ನು ಮೊದಲಿನಿಂದ ಕೊನೆಯವರೆಗೆ ಧ್ವನಿಮುದ್ರಿಸಿರಿ. ಹಾಡಿದವರ ಹೆಸರು, ಊರು, ವಯಸ್ಸು, ಯಾರಿಂದ ಕಲಿತರು, ಯಾವ ಕೆಲಸದ ಅಥವಾ ಶಾಸ್ತ್ರದ ಹಾಡು ಎಂಬುದನ್ನು ಬರೆದಿಡಿರಿ. ಅವರ ಮಾತನ್ನು ತಿದ್ದಲು ಹೋಗಬೇಡಿರಿ. ಅವರು ಆಡಿದಂತೆಯೇ ಬರೆಯಿರಿ. ಪ್ರತಿಯನ್ನು ಎರಡು ಕಡೆ ಕಾಪಾಡಿರಿ. ಹಾಡು ಅರ್ಧಕ್ಕೆ ಮರೆತುಹೋದರೆ ಬೇಸರಪಡದೆ ಇನ್ನೊಂದು ದಿನ ಹೋಗಿ ಕುಳಿತುಕೊಳ್ಳಿರಿ. ಹಿರಿಯರ ಬಳಿ ಕುಳಿತ ಆ ಗಳಿಗೆಯೂ ಒಂದು ಸೇವೆಯೇ ಆಗಿದೆ.

ಶರಣರ ವಚನಗಳು ತಾಳೆಗರಿಯಲ್ಲಿ ಉಳಿದಿದ್ದವು, ಹಳಕಟ್ಟಿಯವರು ಬರುವವರೆಗೆ ಕಾದವು. ತಾಯಂದಿರ ಹಾಡು ಹಾಗೆ ಕಾಯಲಾರದು. ಹಲಸಂಗಿಯ ಆ ಗೆಳೆಯರು ಸಮಯಕ್ಕೆ ಸರಿಯಾಗಿ ಕಿವಿಗೊಟ್ಟರು. ನಮ್ಮ ಸರದಿಯ ಸಮಯ ಈಗ ನಡೆಯುತ್ತಿದೆ.